ಕೂದಲೆಳೆಯಷ್ಟು ಉಕ್ಕು: ಬಿಸಿಲಿಗೆ ಮಣಿಯದ ಗಡಿಯಾರದ ಸ್ಪ್ರಿಂಗ್

ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟವರಿಗೆ ಮೊದಮೊದಲು ಎದುರಾಗುವ ಊರುಗಳಲ್ಲಿ ಮಧುವನಹಳ್ಳಿಯೂ ಒಂದು. ಈ ಭಾಗದ ರೈತನೊಬ್ಬ ತನ್ನ ತಂದೆಯ ಕಾಲದ ಕೀಲಿಕೊಡುವ ಕೈಗಡಿಯಾರವನ್ನು ಇಂದಿಗೂ ಕಟ್ಟಿಕೊಳ್ಳುತ್ತಾನೆಂದು ಭಾವಿಸೋಣ. ರಾತ್ರಿ ಗೋಡೆಯ ಗೂಡಿನಲ್ಲಿ ಅದು 20 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಮಲಗಿರುತ್ತದೆ. ಚೈತ್ರದ ನಡುಹಗಲಿನಲ್ಲಿ ಹೊಲದ ಬದುವಿನ ಮೇಲೆ 36 ಡಿಗ್ರಿಯನ್ನು ಕಾಣುತ್ತದೆ. ಆ ಗಡಿಯಾರದೊಳಗಿನ ಹೇರ್‌ಸ್ಪ್ರಿಂಗ್ ಸಾಮಾನ್ಯ ಉಕ್ಕಿನದಾಗಿದ್ದು, ಬ್ಯಾಲೆನ್ಸ್ ಚಕ್ರ ಹಿತ್ತಾಳೆಯದಾಗಿದ್ದರೆ, ತಾಪ ಒಂದು ಡಿಗ್ರಿ ಏರಿದಾಗ ದಿನವೊಂದಕ್ಕೆ ಸುಮಾರು 11 ಸೆಕೆಂಡು ಹಿಂದೆ ಬೀಳುವುದು ಅದರ ಸ್ವಭಾವ. 16 ಡಿಗ್ರಿಯ ಅಂತರವೆಂದರೆ ದಿನಕ್ಕೆ ಹತ್ತಿರ ಹತ್ತಿರ 3 ನಿಮಿಷದ ವ್ಯತ್ಯಾಸ. ವಾರ ಕಳೆಯುವಷ್ಟರಲ್ಲಿ ಆತ ಕೊಳ್ಳೇಗಾಲದ ಬಸ್ಸನ್ನು ತಪ್ಪಿಸಿಕೊಳ್ಳುವುದು ಖಚಿತ.

ವಾಸ್ತವದಲ್ಲಿ ಹಾಗಾಗುವುದಿಲ್ಲ. ಆತನ ಗಡಿಯಾರ ಬೇಸಿಗೆಯಲ್ಲಿಯೂ ಮಾಗಿಯಲ್ಲಿಯೂ ಹೆಚ್ಚುಕಡಿಮೆ ಒಂದೇ ಹದದಲ್ಲಿ ನಡೆಯುತ್ತದೆ. ಅದಕ್ಕೆ ಕಾರಣ ಕೂದಲೆಳೆಗಿಂತಲೂ ತೆಳುವಾದ ಒಂದು ಲೋಹದ ಸುರುಳಿ. ಅದರ ಹಿಂದೆ ಎರಡು ಶತಮಾನಗಳ ಪರಿಶ್ರಮವಿದೆ, ಒಂದು ನೊಬೆಲ್ ಪ್ರಶಸ್ತಿಯಿದೆ. ಬಿಡಿಭಾಗಗಳನ್ನು ತಯಾರಿಸುವ ಯಾವುದೇ ಸಣ್ಣ ಉದ್ಯಮಿ ಗಮನಿಸಬೇಕಾದ ವ್ಯಾಪಾರದ ಸಂಗತಿಗಳೂ ಇವೆ.

ಯಾಂತ್ರಿಕ ಗಡಿಯಾರದ ಹೃದಯ ಅದರ ಆಂದೋಲಕ. ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಮತ್ತು ಅದನ್ನು ಪ್ರತಿ ಸಲವೂ ಮರಳಿ ಸೆಳೆಯುವ ಸುರುಳಿ ಸ್ಪ್ರಿಂಗ್, ಇವೆರಡೂ ಸೇರಿ ಆಂದೋಲಕವೆನಿಸುತ್ತವೆ. ಎಚ್‌ಎಂಟಿ ಜನತಾದಂತಹ ಗಡಿಯಾರದಲ್ಲಿ ಇದು ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ 5 ಬಾರಿ ಮಿಡಿಯುತ್ತದೆ. ದಿನಕ್ಕೆ 4,32,000 ಮಿಡಿತ. ಅದರಲ್ಲಿ ಐದೇ ಐದು ಮಿಡಿತ ತಪ್ಪಿದರೂ ಗಡಿಯಾರ ದಿನಕ್ಕೆ ಒಂದು ಸೆಕೆಂಡು ತಪ್ಪಿದಂತೆ. ಲಕ್ಷಕ್ಕೆ ಒಂದರಷ್ಟು ನಿಖರತೆಯನ್ನು ಕೆಲವು ನೂರು ರೂಪಾಯಿಯ ವಸ್ತುವಿನಿಂದ ಜನ ಅಪೇಕ್ಷಿಸುತ್ತಿದ್ದರು ಮತ್ತು ಬಹುಮಟ್ಟಿಗೆ ಪಡೆಯುತ್ತಲೂ ಇದ್ದರು ಎಂಬುದು ಸಾಮಾನ್ಯ ಸಂಗತಿಯಲ್ಲ.

ಬಿಸಿಯಾದಾಗ ಚಕ್ರ ಹಿಗ್ಗುತ್ತದೆ, ಹಿಗ್ಗಿದ ಚಕ್ರ ನಿಧಾನವಾಗಿ ತೂಗುತ್ತದೆ ಎಂಬುದು ಎಲ್ಲರಿಗೂ ಸುಲಭವಾಗಿ ಹೊಳೆಯುವ ಕಾರಣ. ಆದರೆ ಅದು ಚಿಕ್ಕ ಕಾರಣ. ಫ್ರಾನ್ಸಿನ ಗಡಿಯಾರ ತಜ್ಞ ಫರ್ಡಿನಾಂಡ್ ಬರ್ತೂ 1773ರಲ್ಲಿಯೇ ಇದರ ಲೆಕ್ಕವನ್ನು ಬಿಡಿಸಿಟ್ಟಿದ್ದ. ಫ್ಯಾರನ್‌ಹೀಟ್ ಮಾಪನದಲ್ಲಿ 32ರಿಂದ 92 ಡಿಗ್ರಿಗೆ ತಾಪ ಏರಿದಾಗ ದಿನಕ್ಕೆ 393 ಸೆಕೆಂಡು ನಷ್ಟವಾಗುತ್ತದೆಂದೂ, ಅದರಲ್ಲಿ ಚಕ್ರದ ಹಿಗ್ಗುವಿಕೆಯ ಪಾಲು 62, ಸ್ಪ್ರಿಂಗ್ ಉದ್ದವಾಗುವುದರ ಪಾಲು 19, ಉಳಿದ 312 ಸೆಕೆಂಡು ಸ್ಪ್ರಿಂಗ್ ತನ್ನ ಬಿಗುವನ್ನು ಕಳೆದುಕೊಳ್ಳುವುದರಿಂದಲೇ ಎಂದೂ ಆತ ಎಣಿಸಿದ. ಅಂದರೆ ರೋಗವಿರುವುದು ಚಕ್ರದಲ್ಲಲ್ಲ, ಸ್ಪ್ರಿಂಗಿನಲ್ಲಿ. ಬಿಸಿಯಲ್ಲಿ ಉಕ್ಕು ಮೆತ್ತಗಾಗುತ್ತದೆ.

ರೋಗ ತಿಳಿದರೂ ಮದ್ದು ತಿಳಿಯಲು ನೂರೈವತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ನಡೆದದ್ದು ಒಂದು ದೋಷವನ್ನು ಮತ್ತೊಂದರಿಂದ ಸರಿದೂಗಿಸುವ ಜಾಣ್ಮೆ. ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಹಿತ್ತಾಳೆ ಮತ್ತು ಉಕ್ಕಿನ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದ. ಬಿಸಿಯಾದಾಗ ಹಿತ್ತಾಳೆ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಆ ಬಾಗುವಿಕೆಯಿಂದಲೇ ಸ್ಪ್ರಿಂಗಿನ ಕೆಲಸಮಾಡುವ ಉದ್ದವನ್ನು ಕಡಿಮೆ ಮಾಡಿ ನಷ್ಟವನ್ನು ತುಂಬಿಸಿಕೊಂಡ. 1761ರಲ್ಲಿ ಜಮೈಕಾಕ್ಕೆ ಹಡಗಿನಲ್ಲಿ ಹೊರಟ ಆತನ ಪ್ರಸಿದ್ಧ ನಾಲ್ಕನೆಯ ಗಡಿಯಾರದಲ್ಲಿ ಇದ್ದದ್ದು ಇದೇ ಉಪಾಯ. (ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟಿನಲ್ಲಿ ಇಂದಿಗೂ ದುಡಿಯುತ್ತಿರುವುದು ಅದೇ ದ್ವಿಲೋಹದ ಪಟ್ಟಿ.) ಅನಂತರ ಅರ್ನಾಲ್ಡ್ ಮತ್ತು ಅರ್ನ್‌ಶಾ ಮೊದಲಾದವರು ಚಕ್ರದ ಅಂಚನ್ನೇ ದ್ವಿಲೋಹದಿಂದ ಮಾಡಿ, ಎರಡು ಕಡೆ ಕತ್ತರಿಸಿಬಿಟ್ಟರು. ಬಿಸಿ ತಾಗಿದೊಡನೆ ಅಂಚು ಒಳಕ್ಕೆ ಬಾಗಿ ಚಕ್ರ ಚುರುಕಾಗುತ್ತಿತ್ತು. ಆದರೂ ಒಂದು ಕೊರತೆ ಉಳಿಯಿತು. ಎರಡು ತಾಪಮಾನಗಳಲ್ಲಿ ಗಡಿಯಾರವನ್ನು ಸರಿಹೊಂದಿಸಿದರೆ ನಡುವಿನ ತಾಪದಲ್ಲಿ ಅದು ದಿನಕ್ಕೆ ಸುಮಾರು 2 ಸೆಕೆಂಡು ಮುಂದೆ ಓಡುತ್ತಿತ್ತು. ಮೇಲಾಗಿ ಇಂತಹ ಚಕ್ರದ ತಯಾರಿಕೆಗೆ ನುರಿತ ಕುಶಲಕರ್ಮಿಯ ಕೈಯೇ ಬೇಕಿತ್ತು. ಲಕ್ಷಗಟ್ಟಲೆ ಗಡಿಯಾರಗಳಿಗೆ ಹೊಂದುವ ದಾರಿ ಅದಲ್ಲ.

ಮದ್ದು ಸಿಕ್ಕಿದ್ದು ಲೋಹಶಾಸ್ತ್ರದಲ್ಲಿ. ಸ್ವಿಟ್ಜರ್‌ಲೆಂಡಿನ ಫ್ಲೂರಿಯೆಯಲ್ಲಿ 1861ರಲ್ಲಿ, ಗಡಿಯಾರ ಕಸುಬಿನ ಮನೆತನದಲ್ಲಿ ಹುಟ್ಟಿದ ಶಾರ್ಲ್ ಎದುವಾರ್ ಗಿಯೋಮ್ ಪ್ಯಾರಿಸ್ ಸಮೀಪದ ಸೆವ್ರ್‌ನಲ್ಲಿರುವ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಕಾರ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ. ಮೀಟರಿನ ಮಾದರಿ ಸರಳುಗಳಿಗೆ ದುಬಾರಿ ಪ್ಲಾಟಿನಂ ಬದಲು ಅಗ್ಗದ ಲೋಹವೊಂದು ಸಿಕ್ಕೀತೇ ಎಂದು ಹುಡುಕುತ್ತಿದ್ದಾಗ, 1896ರಲ್ಲಿ, ನಿಕ್ಕಲ್ 36 ಪಾಲು ಸೇರಿದ ಕಬ್ಬಿಣ ಬಿಸಿಗೆ ಬಹುತೇಕ ಹಿಗ್ಗುವುದೇ ಇಲ್ಲವೆಂಬುದು ಆತನಿಗೆ ತಿಳಿಯಿತು. ಅದಕ್ಕೆ ಇನ್‌ವಾರ್ ಎಂದು ಹೆಸರಾಯಿತು. ಮುಂದೆ ಸುಮಾರು 12 ಪಾಲು ಕ್ರೋಮಿಯಂ ಸೇರಿಸಿ, ಬಿಸಿಯಲ್ಲಿ ಬಿಗುವನ್ನು ಕಳೆದುಕೊಳ್ಳದ ಎಲಿನ್‌ವಾರ್ ಎಂಬ ಮಿಶ್ರಲೋಹವನ್ನು ಆತ ರೂಪಿಸಿದ. ಇದರ ಮರ್ಮ ಕುತೂಹಲಕರವಾದುದು. ಬಿಸಿಯೇರಿದಂತೆ ಎಲ್ಲ ಲೋಹಗಳಂತೆ ಇದೂ ಮೆತ್ತಗಾಗಬೇಕು. ಆದರೆ ನಿಕ್ಕಲ್-ಕಬ್ಬಿಣದ ಕಾಂತೀಯ ಗುಣ ಬಿಸಿಯೊಡನೆ ಕುಂದುತ್ತದೆ, ಹಾಗೆ ಕುಂದುವಾಗ ಲೋಹಕ್ಕೆ ಬಿಗುವು ಬರುತ್ತದೆ. ಒಂದು ಕಡೆ ಹೋದದ್ದು ಮತ್ತೊಂದು ಕಡೆಯಿಂದ ಬಂದು ಲೆಕ್ಕ ಸರಿಹೋಗುತ್ತದೆ. 1920ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಗಿಯೋಮ್‌ಗೆ ಸಂದಿತು. ಆತನಿಗೆ ಲೋಹದ ಮಾದರಿಗಳನ್ನು ಕರಗಿಸಿ ಕೊಟ್ಟದ್ದು ಇಂಫೀ ಎಂಬಲ್ಲಿಯ ಉಕ್ಕಿನ ಕಾರ್ಖಾನೆ. ಪ್ರಯೋಗಾಲಯ ಮತ್ತು ಕುಲುಮೆಗಳ ನಡುವೆ ಇಂತಹ ನಂಟು ಇಲ್ಲದಿದ್ದರೆ ಈ ಶೋಧ ಕಾಗದದ ಮೇಲೆಯೇ ಉಳಿಯುತ್ತಿತ್ತು.

1930ರ ದಶಕದಲ್ಲಿ ಬೆರಿಲಿಯಂ ಸೇರಿಸಿ ಗಟ್ಟಿಗೊಳಿಸಿದ ನಿವಾರಾಕ್ಸ್ ಬಂದ ಮೇಲೆ ದ್ವಿಲೋಹದ ಚಕ್ರಗಳ ಕಾಲ ಮುಗಿಯಿತು. ಸಾದಾ ಚಕ್ರ, ವಿಶೇಷ ಸ್ಪ್ರಿಂಗ್: ಕೈಗಡಿಯಾರ ಸಾಮಾನ್ಯ ಜನರ ವಸ್ತುವಾಗಲು ಈ ಸೂತ್ರವೂ ಒಂದು ಮುಖ್ಯ ಕಾರಣ.

ತಯಾರಿಕೆಯ ಕಷ್ಟ

ಸಣ್ಣ ಕೈಗಾರಿಕೆಯವರಿಗೆ ಹೆಚ್ಚು ಉಪಯುಕ್ತವಾದುದು ಈ ಸ್ಪ್ರಿಂಗನ್ನು ಮಾಡುವ ಬಗೆ. ಮಿಶ್ರಲೋಹವನ್ನು ನಿರ್ವಾತ ಕುಲುಮೆಯಲ್ಲಿ ಕರಗಿಸಿ, ಸರಳಾಗಿಸಿ, ಒಂದರ ನಂತರ ಒಂದು ಅಚ್ಚಿನ ಮೂಲಕ ಎಳೆಯುತ್ತಾರೆ. ಕೊನೆಯ ಹಂತದ ಅಚ್ಚುಗಳು ವಜ್ರದವು. ಕೂದಲಿನಷ್ಟು ಸಣ್ಣಗಾದ ತಂತಿಯನ್ನು ರೋಲರುಗಳ ನಡುವೆ ಚಪ್ಪಟೆ ಮಾಡುತ್ತಾರೆ. ದಪ್ಪ ಸುಮಾರು 0.03 ಮಿಲಿಮೀಟರು. ಹೀಗೆ ದೊರೆತ ಪಟ್ಟಿಗಳಲ್ಲಿ ಮೂರು ನಾಲ್ಕನ್ನು ಒಂದೇ ಡಬ್ಬಿಯೊಳಗೆ ಒಟ್ಟಿಗೆ ಸುತ್ತಿ ಕಾಯಿಸುತ್ತಾರೆ. ಕಾಯಿಸುವುದರಿಂದ ಸುರುಳಿಯ ಆಕಾರ ನಿಲ್ಲುತ್ತದೆ. ತಾಪಕ್ಕೆ ಅದು ಹೇಗೆ ಸ್ಪಂದಿಸಬೇಕೆಂಬುದೂ ಅಲ್ಲಿಯೇ ನಿರ್ಧಾರವಾಗುತ್ತದೆ. ಎಳೆತದಲ್ಲಿ ಲೋಹ ಎಷ್ಟು ಬಿಗಿಯಿತು, ಕುಲುಮೆಯಲ್ಲಿ ಎಷ್ಟು ಹೊತ್ತು ಎಷ್ಟು ಬಿಸಿಯಲ್ಲಿತ್ತು, ಈ ಎರಡನ್ನು ಹದವರಿತು ಹೊಂದಿಸಿದರೆ ಮಾತ್ರ ಬಿಸಿಲಿನ ಪರಿಣಾಮ ಶೂನ್ಯದ ಹತ್ತಿರ ಬರುತ್ತದೆ. ಒಂದೇ ಮಿಶ್ರಲೋಹದಿಂದ ಒಳ್ಳೆಯ ಸ್ಪ್ರಿಂಗೂ ಬರಬಹುದು, ಕೆಟ್ಟದ್ದೂ ಬರಬಹುದು.

ಇನ್ನೊಂದು ಲೆಕ್ಕವನ್ನು ಯಂತ್ರಶಾಲೆ ನಡೆಸುವವರು ಮನಸ್ಸಿನಲ್ಲಿಡಬೇಕು. ಸ್ಪ್ರಿಂಗ್ ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಬಿಗುವು ನೂರಕ್ಕೆ ಮೂರರಷ್ಟು ಹೆಚ್ಚುತ್ತದೆ. ಗಡಿಯಾರದ ಓಟ ನೂರಕ್ಕೆ ಒಂದೂವರೆಯಷ್ಟು, ಅಂದರೆ ದಿನಕ್ಕೆ 20 ನಿಮಿಷಕ್ಕೂ ಮಿಕ್ಕಿ ಮುಂದಾಗುತ್ತದೆ. ಇಲ್ಲಿ ನೂರಕ್ಕೆ ಒಂದು ಎಂದರೆ 0.3 ಮೈಕ್ರಾನ್. ಇಷ್ಟು ನಿಖರವಾಗಿ ಪಟ್ಟಿ ಎಳೆಯುವುದು ಅಸಾಧ್ಯವೆಂದು ಅರಿತೇ ಗಡಿಯಾರ ಉದ್ಯಮ ಬೇರೊಂದು ದಾರಿ ಹಿಡಿಯಿತು. ತಯಾರಾದ ಸ್ಪ್ರಿಂಗುಗಳನ್ನೂ ಚಕ್ರಗಳನ್ನೂ ಅಳೆದು ದರ್ಜೆವಾರು ವಿಂಗಡಿಸಿ, ಬಿಗಿಯಾದ ಸ್ಪ್ರಿಂಗಿಗೆ ಭಾರದ ಚಕ್ರವನ್ನೂ ಸಡಿಲವಾದುದಕ್ಕೆ ಹಗುರದ ಚಕ್ರವನ್ನೂ ಜೊತೆಗೂಡಿಸುತ್ತಾರೆ. ಜಾತಕ ನೋಡಿ ಗಂಡುಹೆಣ್ಣು ಕೂಡಿಸಿದಂತೆ. ತಪ್ಪನ್ನು ತೊಡೆದುಹಾಕಲಾಗದಿದ್ದರೆ ಅದನ್ನು ವಿಂಗಡಿಸಿ ಬಳಸಿಕೊಳ್ಳುವ ಈ ಪದ್ಧತಿ ಬೇರಿಂಗ್ ಉದ್ಯಮದಲ್ಲಿಯೂ ಇದೆ.

ಅಂತಿಮ ಪರೀಕ್ಷೆ ಎಷ್ಟು ಕಟ್ಟುನಿಟ್ಟೆಂಬುದಕ್ಕೆ ಐಎಸ್‌ಒ 3159 ಮಾನಕವನ್ನು ನೋಡಬಹುದು. ಕ್ರೋನೋಮೀಟರ್ ಎಂಬ ಹೆಸರಿಗೆ ಅರ್ಹವಾಗಬೇಕಾದ ಕೈಗಡಿಯಾರವನ್ನು 15 ದಿನ, ಐದು ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ತಾಪಗಳಲ್ಲಿ ಪರೀಕ್ಷಿಸುತ್ತಾರೆ. ತಾಪದಿಂದಾಗುವ ವ್ಯತ್ಯಾಸ ಡಿಗ್ರಿಯೊಂದಕ್ಕೆ ದಿನಕ್ಕೆ 0.6 ಸೆಕೆಂಡು ಮೀರಕೂಡದು. ಹಿಂದಿನ 11 ಸೆಕೆಂಡಿನ ಮುಂದೆ ಇದನ್ನಿಟ್ಟು ನೋಡಿದರೆ ಎಲಿನ್‌ವಾರ್ ವಂಶದ ಲೋಹಗಳ ಸಾಧನೆ ತಿಳಿಯುತ್ತದೆ.

ಬೆಂಗಳೂರಿನ ಅಧ್ಯಾಯ

ಕರ್ನಾಟಕಕ್ಕೆ ಈ ವಿದ್ಯೆ ಬಂದದ್ದು ಎಚ್‌ಎಂಟಿಯ ಮೂಲಕ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಯಂತ್ರೋಪಕರಣಗಳಿಗಾಗಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಜನತಾ, ಪೈಲಟ್, ಸೋನಾ, ಕೋಹಿನೂರ್ ಮೊದಲಾದ ಹೆಸರುಗಳು ಮನೆಮಾತಾದವು. 1978ರಲ್ಲಿ ತುಮಕೂರಿನ ಕಾರ್ಖಾನೆ ಸೇರಿಕೊಂಡಿತು. ಈ ಲೇಖನದ ದೃಷ್ಟಿಯಿಂದ ಮುಖ್ಯವಾದುದೆಂದರೆ, ಸಂಸ್ಥೆ ಬಿಡಿಭಾಗಗಳನ್ನು ತರಿಸಿ ಜೋಡಿಸುವುದಕ್ಕೆ ತೃಪ್ತವಾಗದೆ ಮೇನ್‌ಸ್ಪ್ರಿಂಗ್, ಹೇರ್‌ಸ್ಪ್ರಿಂಗ್ ಹಾಗೂ ಆಘಾತ ನಿವಾರಕಗಳ ತಯಾರಿಕೆಯನ್ನೂ ಬೆಂಗಳೂರಿನಲ್ಲಿಯೇ ಕೈಗೊಂಡದ್ದು. ಗಡಿಯಾರ ಜೋಡಿಸುವ ದೇಶಗಳು ಬಹಳ. ಹೇರ್‌ಸ್ಪ್ರಿಂಗ್ ಮಾಡಬಲ್ಲ ದೇಶಗಳು ಬೆರಳೆಣಿಕೆಯಷ್ಟು.

ಆ ವಿದ್ಯೆ ಕೈಗೆ ಹತ್ತುವ ಹೊತ್ತಿಗೆ ಮಾರುಕಟ್ಟೆ ಮತ್ತೊಂದು ದಿಕ್ಕಿಗೆ ಹೊರಳಿತ್ತು. 1984ರಲ್ಲಿ ಸ್ಥಾಪನೆಯಾಗಿ ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟನ್, ಮೊದಲಿನಿಂದಲೂ ಕ್ವಾರ್ಟ್ಸ್ ಗಡಿಯಾರಗಳನ್ನೇ ನೆಚ್ಚಿಕೊಂಡಿತು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಕ್ವಾರ್ಟ್ಸ್ ಹರಳಿಗೂ ತಾಪದ ಬಾಧೆ ಇದ್ದೇ ಇದೆ. ಆದರೆ 25 ಡಿಗ್ರಿಯ ಸುಮಾರಿನಲ್ಲಿ ಸರಿಯಾಗಿರುವಂತೆ ಕತ್ತರಿಸಿದ ಹರಳು 10 ಡಿಗ್ರಿ ಆಚೀಚೆಯಾದರೂ ದಿನಕ್ಕೆ ಕಳೆದುಕೊಳ್ಳುವುದು ಸೆಕೆಂಡಿನ ಮೂರನೆಯ ಒಂದಂಶದಷ್ಟೇ. ಬೆಲೆಯಲ್ಲಿಯೂ ನಿಖರತೆಯಲ್ಲಿಯೂ ಸ್ಪ್ರಿಂಗ್ ಅದಕ್ಕೆ ಸಾಟಿಯಾಗಲಿಲ್ಲ. ಎಚ್‌ಎಂಟಿಯೂ ಕ್ವಾರ್ಟ್ಸ್ ಮಾಡಿತು, ಆದರೆ ಯಾಂತ್ರಿಕ ಗಡಿಯಾರಗಳ ಭಾರವನ್ನು ಇಳಿಸಿಕೊಳ್ಳಲಾರದೆ ಹೋಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ತುಮಕೂರಿನ ಕಾರ್ಖಾನೆಯ ನೆಲ ಆ ಬಳಿಕ ಇಸ್ರೋ ವಶಕ್ಕೆ ಹೋಯಿತು. ಯಂತ್ರಗಳನ್ನು ಮಾರಬಹುದು, ಕುಲುಮೆಯ ಹದ ಬಲ್ಲ ಕೈಗಳು ನಿವೃತ್ತರಾದಾಗ ಹೋದದ್ದಕ್ಕೆ ಯಾವ ಲೆಕ್ಕಪತ್ರದಲ್ಲಿಯೂ ಕಲಂ ಇರಲಿಲ್ಲ.

ಸಣ್ಣ ಭಾಗದ ದೊಡ್ಡ ಹಿಡಿತ

ಸ್ವಿಟ್ಜರ್‌ಲೆಂಡಿನಲ್ಲಿ ಇದರ ಇನ್ನೊಂದು ಮುಖ ಕಾಣಸಿಗುತ್ತದೆ. ಕ್ವಾರ್ಟ್ಸ್ ಹೊಡೆತದಿಂದ ಚೇತರಿಸಿಕೊಂಡ ಅಲ್ಲಿಯ ಉದ್ಯಮ ಯಾಂತ್ರಿಕ ಗಡಿಯಾರವನ್ನು ಶ್ರೀಮಂತಿಕೆಯ ವಸ್ತುವಾಗಿ ಮಾರತೊಡಗಿತು. ಆದರೆ ಸ್ವಾಚ್ ಸಮೂಹಕ್ಕೆ ಸೇರಿದ ನಿವಾರಾಕ್ಸ್-ಫಾರ್ ಸಂಸ್ಥೆಯ ಸ್ಪ್ರಿಂಗುಗಳನ್ನೇ ಪ್ರತಿಸ್ಪರ್ಧಿಗಳಲ್ಲಿ ಬಹುಪಾಲಿನವರು ನೆಚ್ಚಿಕೊಂಡಿದ್ದರು. ಹೊರಗಿನವರಿಗೆ ಪೂರೈಕೆಯನ್ನು ಕಡಿತಗೊಳಿಸುವ ಮಾತು ಬಂದಾಗ ಉದ್ಯಮವೇ ಕಳವಳಗೊಂಡಿತು. 2013ರಲ್ಲಿ ಅಲ್ಲಿಯ ಸ್ಪರ್ಧಾ ಆಯೋಗ ಗಡಿಯಾರ ಯಂತ್ರಗಳ ಪೂರೈಕೆಯನ್ನು ಹಂತಹಂತವಾಗಿ ಇಳಿಸಲು ಸಮ್ಮತಿಸಿದರೂ, ನಿವಾರಾಕ್ಸ್ ಬಿಡಿಭಾಗಗಳ ವಿಷಯದಲ್ಲಿ ಒಪ್ಪಲಿಲ್ಲ. ಬದಲಿ ಮೂಲವೇ ಇಲ್ಲವೆಂಬುದೇ ಅದರ ಹಿಂದಿನ ಚಿಂತೆ. ಲಕ್ಷಾಂತರ ರೂಪಾಯಿಯ ಗಡಿಯಾರವೊಂದರ ಭವಿಷ್ಯ ತೂಕಕ್ಕೂ ಸಿಗದ ಸುರುಳಿಯೊಂದರ ಸರಬರಾಜುದಾರನ ಮರ್ಜಿಯಲ್ಲಿತ್ತು. ಒಬ್ಬನೇ ಪೂರೈಕೆದಾರನನ್ನು ನೆಚ್ಚಿ ಕಾರ್ಖಾನೆ ನಡೆಸುವ ನಮ್ಮ ಉದ್ಯಮಿಗಳು ಇದನ್ನು ಓದಿ ತಮ್ಮ ಖರೀದಿ ಪುಸ್ತಕವನ್ನೊಮ್ಮೆ ತಿರುವಿಹಾಕುವುದು ಒಳಿತು.

ಹಿಡಿತ ಸಡಿಲಿಸಿದ್ದು ಸಿಲಿಕಾನ್. ಕಂಪ್ಯೂಟರ್ ಚಿಪ್ಪು ಕೊರೆಯುವ ವಿಧಾನದಿಂದಲೇ ಹೇರ್‌ಸ್ಪ್ರಿಂಗನ್ನು ಕೊರೆಯಬಹುದೆಂದು 2000ದ ದಶಕದಲ್ಲಿ ತೋರಿತು. ಎಳೆಯುವ ಅಚ್ಚಿಲ್ಲ, ಚಪ್ಪಟೆಗೊಳಿಸುವ ರೋಲರಿಲ್ಲ. ಸಿಲಿಕಾನ್ ಕೂಡ ಬಿಸಿಯಲ್ಲಿ ಮೆತ್ತಗಾಗುತ್ತದೆ. ಆದರೆ ಅದರ ಆಕ್ಸೈಡ್ ಬಿಸಿಯಲ್ಲಿ ಬಿಗಿಯಾಗುತ್ತದೆ. ಸ್ಪ್ರಿಂಗಿನ ಮೇಲೆ ಸರಿಯಾದ ದಪ್ಪದ ಆಕ್ಸೈಡ್ ಪದರವನ್ನು ಬೆಳೆಸಿದರೆ ಎರಡೂ ಸರಿದೂಗುತ್ತವೆ. 2002ರಲ್ಲಿ ಸಲ್ಲಿಕೆಯಾದ ಇದರ ಮೂಲ ಪೇಟೆಂಟಿನ ಅವಧಿ 2022ರಲ್ಲಿ ಮುಗಿದಿದೆ. ಹ್ಯಾರಿಸನ್‌ನ ಹಿತ್ತಾಳೆ-ಉಕ್ಕಿನ ಉಪಾಯವೇ ಹೊಸ ವೇಷದಲ್ಲಿ ಮರಳಿದಂತಾಯಿತು.

ಗಡಿಯಾರದ ಹೊರಗೂ ಈ ಲೋಹಗಳಿಗೆ ಬೇಡಿಕೆಯಿದೆ. ಒತ್ತಡಮಾಪಕದ ಬೂರ್ಡಾನ್ ನಳಿಗೆ, ನಿಖರ ತಕ್ಕಡಿಯ ಸ್ಪ್ರಿಂಗ್, ಸೂಕ್ಷ್ಮ ಪೊರೆಗಳಿಗೆ ನಿ-ಸ್ಪ್ಯಾನ್-ಸಿ ಎಂಬ ಸ್ಥಿರಬಿಗುವಿನ ಮಿಶ್ರಲೋಹ ಬಳಕೆಯಾಗುತ್ತದೆ. ಬಾಯ್ಲರಿನ ಬಳಿಯಿರುವ ಮಾಪಕ ಮಧ್ಯಾಹ್ನಕ್ಕೊಂದು ರಾತ್ರಿಗೊಂದು ತೋರಿಸಬಾರದಷ್ಟೆ. ಹೈದರಾಬಾದಿನ ಮಿಶ್ರ ಧಾತು ನಿಗಮ ಹಿಗ್ಗುವಿಕೆ ನಿಯಂತ್ರಿತವಾದ ಮಿಶ್ರಲೋಹಗಳನ್ನು ದೇಶದಲ್ಲಿಯೇ ತಯಾರಿಸುತ್ತದೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಸ್ಪ್ರಿಂಗ್ ಸುತ್ತುವವರಿಗೆ ಕೊರತೆಯಿಲ್ಲ. ಸುತ್ತಿದ್ದನ್ನು ಮೂರು ತಾಪಗಳಲ್ಲಿ ಅಳೆದು ಪ್ರಮಾಣಪತ್ರದೊಡನೆ ಕೊಡುವವರು ವಿರಳ. ಬೆಲೆ ಏರುವುದು ಆ ಪತ್ರದಿಂದ.

ಇನ್ನು ಊರ ಗಡಿಯಾರ ರಿಪೇರಿಯವರ ಸ್ಥಿತಿ. "ಬಿಸಿಲಿಗೆ ವಾಚು ನಿಧಾನವಾಗಿದೆ" ಎಂದು ಗಿರಾಕಿ ತಂದುಕೊಡುವ ಹಳೆಯ ಜನತಾಗಳಲ್ಲಿ ತಪ್ಪು ಬಹುತೇಕ ಸ್ಪ್ರಿಂಗಿನದಾಗಿರುವುದಿಲ್ಲ. ಎಣ್ಣೆ ಒಣಗಿರುತ್ತದೆ. ಇಲ್ಲವೇ ಮೋಟಾರು, ಸ್ಪೀಕರುಗಳ ಬಳಿಯಿಟ್ಟು ಸುರುಳಿ ಕಾಂತೀಯಗೊಂಡು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಆಗ ಗಡಿಯಾರ ಮುಂದೋಡುವುದೇ ಹೆಚ್ಚು. ನಿಕ್ಕಲ್-ಕಬ್ಬಿಣದ ಲೋಹಕ್ಕೆ ಈ ದೌರ್ಬಲ್ಯ ಇದ್ದೇ ಇದೆ, ಕಾಂತನಿವಾರಕ ಯಂತ್ರದಿಂದ ಕ್ಷಣಮಾತ್ರದಲ್ಲಿ ಸರಿಹೋಗುತ್ತದೆ. ನಿಜವಾಗಿ ಸ್ಪ್ರಿಂಗ್ ಕೆಟ್ಟಿದ್ದರೆ ಮಾತ್ರ ಕಷ್ಟ. ದರ್ಜೆ ನೋಡಿ ಜೊತೆಗೂಡಿಸಿದ ಭಾಗವಾದ್ದರಿಂದ ಸ್ಪ್ರಿಂಗನ್ನಷ್ಟೇ ಬದಲಿಸಿದರೆ ಸಮಯ ಹೊಂದುವುದಿಲ್ಲ. ಚಕ್ರಸಮೇತ ಇಡೀ ಜೋಡಿಯನ್ನೇ ಹಾಕಬೇಕು. ಎಚ್‌ಎಂಟಿ ಹೆಸರಿನ ಗಡಿಯಾರಗಳು ಸೀಮಿತ ಸಂಖ್ಯೆಯಲ್ಲಿ ಇಂದಿಗೂ ಮಾರಾಟವಾಗುತ್ತಿದ್ದರೂ, ಹಳೆಯ ಗಡಿಯಾರಗಳಿಗೆ ಬೇಕಾದ ಜೋಡಿಗಾಗಿ ರಿಪೇರಿಯವರು ಉಳಿದ ದಾಸ್ತಾನನ್ನೋ, ಗುಜರಿಗೆ ಬಂದ ಗಡಿಯಾರಗಳನ್ನೋ ತಡಕಬೇಕು. ಒಂದು ಜನತಾ ನಡೆಯಲು ಇನ್ನೊಂದು ಜನತಾ ಬಿಚ್ಚಬೇಕಾಗುತ್ತದೆ.