ಹಳೇ ಹಾಡು ಎಂದರೆ ಎಷ್ಟು ಹಳೆಯದು?

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ವೇದಿಕೆಯಲ್ಲಿ ನಿಮ್ಮಲ್ಲೇ ಒಬ್ಬ ಹುಡುಗಿ ಕಾರ್ಯಕ್ರಮ ನಿರೂಪಿಸುತ್ತಿದ್ದಳು. ಚೆನ್ನಾಗಿಯೇ ಮಾಡಿದಳು, ಎಲ್ಲೋ ಒಂದೆರಡು ಕಡೆ ಮಾತ್ರ ಕನ್ನಡದ ನಡುವೆ ಮರಾಠಿ ಇಣುಕಿತು, ಅದೇನೂ ದೊಡ್ಡ ವಿಷಯವಲ್ಲ. ನಡುವೆ ಒಮ್ಮೆ "ಈಗ ಒಂದು ತುಂಬಾ ಹಳೇ ಹಾಡು" ಎಂದು ಘೋಷಿಸಿದಳು. ನಾನೋ, ಪಿ. ಕಾಳಿಂಗರಾಯರು ಹಾಡಿದ್ದು ಯಾವುದಾದರೂ ಬಂದೀತೆಂದು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ. ಬಂದದ್ದು 'ಮುಂಗಾರು ಮಳೆ' ಚಿತ್ರದ ಹಾಡು! 2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ಚಿತ್ರ. ಪಕ್ಕದಲ್ಲಿದ್ದ ನಮ್ಮ ಮನೆಯವರು ನನ್ನ ಮುಖ ನೋಡಿ ನಕ್ಕರು. ಆಮೇಲೆ ಲೆಕ್ಕ ಹಾಕಿದೆ. ಆ ಹುಡುಗಿ ಹುಟ್ಟುವುದಕ್ಕೆ ಮುಂಚಿನ ಹಾಡು ಅದು. ಅವಳ ಪಾಲಿಗೆ ಹಳೆಯದೇ ಸರಿ.

ಹಾಗಾದರೆ ನನ್ನ ಹಳೇ ಹಾಡು ಯಾವುದು ಎಂದು ನಿಮಗೆ ಹೇಳೋಣವೆನ್ನಿಸಿತು. ಬೇಸರವಾದರೆ ಪುಟ ತಿರುಗಿಸಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಾನು ಬೆಳೆದದ್ದು ಮಲೆನಾಡಿನ ಒಂದು ಸಣ್ಣ ಊರಿನಲ್ಲಿ. ಹಾಡು ಎಂದರೆ ನಮಗೆ ಭದ್ರಾವತಿ ಆಕಾಶವಾಣಿ. ರೇಡಿಯೋ ದೊಡ್ಡಪ್ಪನ ಸ್ವತ್ತು. ಅದರ ಕಿವಿ ಹಿಂಡುವ ಅಧಿಕಾರ ಬೇರೆ ಯಾರಿಗೂ ಇರಲಿಲ್ಲ. ಬೇಕೆಂದ ಹಾಡು ಬೇಕೆಂದಾಗ ಕೇಳಬಹುದು ಎಂಬ ಕಲ್ಪನೆಯೇ ನಮಗಿರಲಿಲ್ಲವೆಂದರೆ ನೀವು ನಂಬಲಿಕ್ಕಿಲ್ಲ. ಮೆಚ್ಚಿನ ಹಾಡಿಗೆ ಕಾರ್ಡು ಬರೆಯಬೇಕು, ವಾರಗಟ್ಟಲೆ ಕಾಯಬೇಕು. ಆ ಹಾಡು ಬಂದ ದಿನ ಕರೆಂಟು ಹೋಗಿರಬಾರದು, ಮಳೆಗೆ ಗರಗರ ಸದ್ದು ಬರಬಾರದು, ದೊಡ್ಡಪ್ಪ ವಾರ್ತೆಗೆ ತಿರುಗಿಸಬಾರದು. ಇಷ್ಟೆಲ್ಲ ಕೂಡಿಬಂದರೆ ಮೂರು ನಿಮಿಷದ ಸುಖ!

ಕ್ಯಾಸೆಟ್ ಬಂದದ್ದೇ ಇದೆಲ್ಲ ತಲೆಕೆಳಗಾಯಿತು. ನೀವು ಕ್ಯಾಸೆಟ್ಟನ್ನು ನೋಡಿರುವುದು ಬಹುಶಃ ಟೀ ಶರ್ಟಿನ ಮೇಲಿನ ಚಿತ್ರದಲ್ಲಿ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಎರಡು ಚಕ್ರ, ಕಂದು ಬಣ್ಣದ ತೆಳ್ಳನೆಯ ಟೇಪು. ಫಿಲಿಪ್ಸ್ ಕಂಪನಿ ಅದನ್ನು ಹೊರತಂದದ್ದು 1963ರಲ್ಲಿ. ನಮ್ಮೂರಿನ ಮನೆಗಳಿಗೆ ಬರುವ ಹೊತ್ತಿಗೆ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅರವತ್ತು ನಿಮಿಷದ್ದು, ತೊಂಬತ್ತು ನಿಮಿಷದ್ದು ಎಂದು ಎರಡು ಬಗೆ ಹೆಚ್ಚಾಗಿ ಸಿಗುತ್ತಿದ್ದವು. ಒಂದು ಬದಿ ಮುಗಿದರೆ ಎದ್ದು ಹೋಗಿ ಮಗುಚಿ ಹಾಕಬೇಕು. ಟೇಪು ಯಂತ್ರಕ್ಕೆ ಸಿಕ್ಕಿಕೊಂಡರೆ ಮೆಲ್ಲನೆ ಬಿಡಿಸಿ, ಚಕ್ರದ ತೂತಿಗೆ ಪೆನ್ಸಿಲ್ ತೂರಿಸಿ ತಿರುಗಿಸಿ ಸುತ್ತಬೇಕು. ನಮ್ಮ ಮನೆಯ ಪೆನ್ಸಿಲುಗಳು ಬರೆದದ್ದಕ್ಕಿಂತ ಸುತ್ತಿದ್ದೇ ಹೆಚ್ಚು.

ಕನ್ನಡ ಕವಿತೆ ಹೀಗೆ ಡಬ್ಬಿಯೊಳಗೆ ಕುಳಿತು ಮನೆಮನೆಗೆ ಹೊರಟದ್ದು 1978ರಲ್ಲಿ. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಇಂದು ರಾಜ್ಯೋತ್ಸವಕ್ಕೆ ನೀವು ಕೋರಸ್ಸಿನಲ್ಲಿ ಹಾಡುತ್ತೀರಲ್ಲ, ಜೋಗದಿಂದ ಶುರುವಾಗುವ ಹಾಡು, ಅದೇ. ನಿಸಾರರು ಭೂವಿಜ್ಞಾನದ ಅಧ್ಯಾಪಕರು; ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಕಲ್ಲುಮಣ್ಣಿನ ಪಾಠ ಹೇಳಿದವರು. ಅದಕ್ಕೇ ನಮ್ಮೂರ ಕಡೆಯವರಿಗೆ ಆ ಕ್ಯಾಸೆಟ್ಟಿನ ಮೇಲೆ ಸ್ವಲ್ಪ ಹೆಚ್ಚಿನ ಹಕ್ಕು ಎಂಬ ಜಂಬ! ಅದಕ್ಕೂ ಮೊದಲು ಭಾವಗೀತೆಯನ್ನು ಸಭೆಗಳಿಗೆ ತಂದವರು ಕಾಳಿಂಗರಾಯರು. ಮೋಹನಕುಮಾರಿ, ಸೋಹನಕುಮಾರಿ ಸೋದರಿಯರೊಡನೆ ಅವರು ಊರೂರಿನ ವೇದಿಕೆಗಳಲ್ಲಿ ಹಾಡಿದರು. ಆದರೆ ವೇದಿಕೆ ನಮ್ಮೂರಿಗೆ ಬರಬೇಕಲ್ಲ? ಕ್ಯಾಸೆಟ್ ಬಸ್ಸಿನಲ್ಲಿ ಬಂತು. ಅದೇ 1978ರ ಸಾಲಿನಲ್ಲಿ ಕಂಬಾರರ 'ಕಾಡು ಕುದುರೆ' ಚಿತ್ರದ ಗಾಯನಕ್ಕೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದ ಗಾಯಕರೊಬ್ಬರಿಗೆ ಅದು ಮೊದಲ ಸಲ. ವೃತ್ತಿಯಿಂದ ಅವರು ವಕೀಲರು. ಸಿ. ಅಶ್ವತ್ಥ್ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿಗಿದ್ದವರು. ಎಂಟು ಗಂಟೆ ಕೆಲಸ ಮಾಡಿ ಬಂದು ಹಾರ್ಮೋನಿಯಂ ಎಳೆದುಕೊಂಡವರು ಇವರೆಲ್ಲ. ಆಫೀಸು, ಟ್ರಾಫಿಕ್ಕು ಎನ್ನುವ ನೀವು ಇದನ್ನು ಸ್ವಲ್ಪ ಗಮನಿಸಬೇಕು.

ಇನ್ನೊಂದು ಮಾತು. "ಆಂಟಿ, ನನ್ನ ಕನ್ನಡ ಸರಿಯಿಲ್ಲ, ಹಾಡೋಕೆ ನಾಚಿಕೆ" ಎಂದು ನಿಮ್ಮಲ್ಲಿ ಎಷ್ಟೋ ಮಂದಿ ಹಿಂಜರಿಯುತ್ತೀರಿ. ರಾಜಕುಮಾರರಿಗೆ ವರ್ಷಾನುಗಟ್ಟಲೆ ದನಿಯಾಗಿದ್ದ ಪಿ.ಬಿ. ಶ್ರೀನಿವಾಸರ ಊರು ಕಾಕಿನಾಡ. ಎಸ್. ಜಾನಕಿ, ಪಿ. ಸುಶೀಲ, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಲ್ಲರೂ ತೆಲುಗಿನವರು. ಆ ಕಾಲದ ಕನ್ನಡ ಚಿತ್ರಗೀತೆಗಳು ಬಹುಪಾಲು ಧ್ವನಿಮುದ್ರಣಗೊಂಡದ್ದೂ ಬೆಂಗಳೂರಿನಲ್ಲಲ್ಲ, ಮದರಾಸಿನಲ್ಲಿ. ನಮ್ಮ ಹಾಡುಗಳೇ ಹೊರನಾಡ ಕನ್ನಡಿಗರು ಎಂದಂತಾಯಿತು! ಪಿ.ಬಿ.ಎಸ್. ಜೇಬಿನ ತುಂಬ ಬಣ್ಣಬಣ್ಣದ ಪೆನ್ನುಗಳನ್ನು ಸಿಕ್ಕಿಸಿಕೊಂಡು ಅಲ್ಲಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕೂತು ಏನಾದರೂ ಬರೆಯುತ್ತಿದ್ದರಂತೆ. ಆ ಹೋಟೆಲು 2008ರಲ್ಲಿ ಮುಚ್ಚಿತು, ಅವರು 2013ರಲ್ಲಿ ಹೋದರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜಕುಮಾರರು ಎಮ್ಮೆಯ ಮೇಲೆ ಕುಳಿತು ತಮ್ಮದೇ ದನಿಯಲ್ಲಿ ಹಾಡಿದ ಮೇಲೆ ಹಾಡುಗಾರರಾಗಿಯೂ ನೆಲೆಯೂರಿದರು. ನಮ್ಮಮ್ಮ ಮಾತ್ರ ಕೊನೆಯವರೆಗೂ ಪಿ.ಬಿ.ಎಸ್. ಪಕ್ಷ. ಆ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

1983ರ ಬೇಸಿಗೆ ರಜೆಯಲ್ಲಿ ನಮ್ಮ ಸೋದರಮಾವ ಹೊಸ ಟೇಪ್ ರೆಕಾರ್ಡರ್ ಹಿಡಿದುಕೊಂಡು ಬಂದರು. ಒಂದು ಮಧ್ಯಾಹ್ನ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ ಹಾಡಿಸಿದರು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಎಣ್ಣೆ ಶಾಸ್ತ್ರದ ಹಾಡು, ಬೀಸುವಾಗಿನ ಹಾಡು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಎರಡು ಬದಿಯೂ ತುಂಬಿತು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅವೆಲ್ಲ ಅವರ ತಾಯಿಯಿಂದ ಬಾಯಿಗೆ ಬಂದವು, ಯಾವ ಪುಸ್ತಕದಲ್ಲೂ ಇಲ್ಲದವು. ಮಾವ ಹೊರಡುವಾಗ ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಚಾಕುವಿನ ತುದಿಯಿಂದ ಮುರಿದರು. ಅದನ್ನು ಮುರಿದರೆ ರೆಕಾರ್ಡ್ ಗುಂಡಿ ಒತ್ತಲಾಗದು. ಒಳಗಿರುವುದು ಅಳಿಯದೆ ಉಳಿಯುತ್ತದೆ. ಮೇಲೆ ಹೆಸರು ಬರೆಯಲಿಲ್ಲ, ತಾರೀಖು ಮಾತ್ರ ಬರೆದರು.

1987ರಲ್ಲಿ 'ಪ್ರೇಮಲೋಕ' ಬಂತು. ಆಗ ನಾನು ಮೊದಲ ವರ್ಷದ ಬಿ.ಎ. ಹಂಸಲೇಖರು ಸಾಹಿತ್ಯ ಮತ್ತು ಸಂಗೀತ ಎರಡನ್ನೂ ಬರೆದಿದ್ದರು. ಅಬ್ಬಾ, ಆ ಹುಚ್ಚನ್ನು ಹೇಗೆ ವಿವರಿಸಲಿ! ಅದುವರೆಗೆ ಚಿತ್ರಗೀತೆ ಎಂದರೆ ಚಂದಿರ, ಹೂವು, ವೀಣೆ. ಇಲ್ಲಿ ಹುಡುಗ ಹುಡುಗಿ ಕಾಲೇಜಿನ ಗೇಟಿನಲ್ಲಿ ನಿಂತು ಮಾತಾಡಿದಂತೆಯೇ ಹಾಡುತ್ತಿದ್ದರು. ಪಾನ್ ಅಂಗಡಿ, ಬಸ್ಸು, ಮದುವೆ ಮನೆ, ಎಲ್ಲಿ ಹೋದರೂ ಅದೇ. ಹಿರಿಯರು ಮೂಗು ಮುರಿದರು, ಇಂಗ್ಲಿಷ್ ಬ್ಯಾಂಡಿನ ಗದ್ದಲ ಎಂದರು. ನಾಲ್ಕು ದಿನದಲ್ಲಿ ಅವರೇ ಗುನುಗುತ್ತಿದ್ದರು, ಅದು ಬೇರೆ ಮಾತು. ಗೆಳತಿಯೊಬ್ಬಳು ಒಂದೇ ರಾತ್ರಿಯ ಮಟ್ಟಿಗೆ ತನ್ನ ಕ್ಯಾಸೆಟ್ ಕೊಟ್ಟಳು. ಪಕ್ಕದ ಮನೆಯಲ್ಲಿ ಎರಡು ಕ್ಯಾಸೆಟ್ ಹಾಕುವ ಸೆಟ್ಟಿತ್ತು. ಖಾಲಿ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ. ಮನೆಯ ಡಬ್ಬಿ ತಡಕಿದೆ. ಹೆಸರಿಲ್ಲದ್ದೊಂದು ಸಿಕ್ಕಿತು.

ಹಿಂಬದಿಯ ತೂತು ನನಗೆ ಕಂಡಿತ್ತು. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಮೂವತ್ತೆಂಟು ವರ್ಷದಿಂದ "ಗೊತ್ತಾಗದೆ ಆಯಿತು" ಎಂದೇ ಹೇಳಿಕೊಂಡು ಬಂದಿದ್ದೇನೆ. ತೂತೆಂದರೆ ಯಾರೋ ಏನನ್ನೋ ಕಾಪಾಡಲು ಮುರಿದದ್ದು ಎಂದು ಗೊತ್ತಿತ್ತು. ಒಮ್ಮೆ ಹಾಕಿ ಕೇಳಿದ್ದರೆ ಸಾಕಿತ್ತು. ಬೆಳಗಾದರೆ ಕ್ಯಾಸೆಟ್ ಹಿಂದಿರುಗಿಸಬೇಕಲ್ಲ ಎಂಬ ಆತುರದಲ್ಲಿ, ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿ, ಗುಂಡಿ ಒತ್ತಿದೆ. ಯಂತ್ರ ಮೊದಲು ಹಳೆಯದನ್ನು ಒರೆಸುತ್ತದೆ, ಆಮೇಲೆ ಹೊಸದನ್ನು ಬರೆಯುತ್ತದೆ. ಎಷ್ಟು ಮೆತ್ತಗೆ ಒರೆಸುತ್ತದೆಂದರೆ ಸದ್ದೇ ಇರುವುದಿಲ್ಲ.

1989ರ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ವರ್ಷಾಬ್ದಿಕಕ್ಕೆ ಬಂದ ಮಾವ ಊಟವಾದ ಮೇಲೆ "ಆ ಕ್ಯಾಸೆಟ್ ಹಾಕೇ, ಅಮ್ಮನ ದನಿ ಕೇಳೋಣ" ಎಂದರು. ಹುಡುಕಿದರು, ತಾರೀಖು ನೋಡಿ ಗುರುತಿಸಿದರು. ನಡುಮನೆಯಲ್ಲಿ ಇಪ್ಪತ್ತು ಜನ. ಹಾಡು ಶುರುವಾಯಿತು... ಯಾವ ಹಾಡೆಂದು ನೀವು ಊಹಿಸಿರುತ್ತೀರಿ. ಯಾರೂ ನನ್ನನ್ನು ಬೈಯಲಿಲ್ಲ. ಮಾವ ಯಂತ್ರ ನಿಲ್ಲಿಸಿ, ಕ್ಯಾಸೆಟ್ ತೆಗೆದು, ಹಿಂಬದಿಯ ಸೆಲ್ಲೋಟೇಪನ್ನು ಹೆಬ್ಬೆರಳಿನಿಂದ ಸವರಿ ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ಆ ರಾತ್ರಿ ಎರಡು ಬದಿಯನ್ನೂ ಕೊನೆಯವರೆಗೆ ಓಡಿಸಿದೆ. ಮೊದಲ ಬದಿಯಲ್ಲಿ ಏನೂ ಉಳಿದಿರಲಿಲ್ಲ. ಎರಡನೆಯ ಬದಿಯಲ್ಲಿ ಚಿತ್ರಗೀತೆ ಮುಗಿದು, ಒಂದು 'ಟಕ್' ಸದ್ದಾಗಿ, ಅಜ್ಜಿ ಬಂದರು. ಆರತಿ ಹಾಡಿನ ಅರ್ಧ. ನಡುವೆ ಕೆಮ್ಮು. "ತಿರುಗ್ತಾ ಇದೆಯೇನೋ ಅದು? ಸಾಕಲ್ಲ ಇಷ್ಟು?" ಎಂಬ ಪ್ರಶ್ನೆ. ನಾಲ್ಕು ನಿಮಿಷಕ್ಕೂ ಕಡಿಮೆ.

ಮದುವೆಯಾಗಿ ಮುಂಬಯಿಗೆ ಬಂದಾಗ ಆ ಕ್ಯಾಸೆಟ್ಟೂ ಟ್ರಂಕಿನಲ್ಲಿ ಬಂತು. ಜೊತೆಗೆ ಅಶ್ವತ್ಥರ 'ಸಂತ ಶಿಶುನಾಳ ಶರೀಫ', 'ಮೈಸೂರ ಮಲ್ಲಿಗೆ'ಗಳೂ ಬಂದವು. ಎರಡೂ ನಾಗಾಭರಣರ ಚಿತ್ರಗಳು, 1990 ಮತ್ತು 1992ರವು. ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ಪ್ರಕಟಿಸಿದ ಕವಿತೆಗಳಿಗೆ ಅರ್ಧ ಶತಮಾನದ ಮೇಲೆ ಸಿನಿಮಾ ಸಾಹಿತ್ಯದ ರಾಷ್ಟ್ರಪ್ರಶಸ್ತಿ! ಹೊಸ ಸಂಸಾರದ ಒಂದೂವರೆ ಕೋಣೆಯಲ್ಲಿ ಆ ಹಾಡುಗಳು ನನಗೆ ಎಷ್ಟು ಜೊತೆಯಾದವೆಂದು ಬರೆಯಹೊರಟರೆ ಸಂಪಾದಕರು ಕತ್ತರಿ ಹಾಕುತ್ತಾರೆ. 'ಮುಂಗಾರು ಮಳೆ'ಗೆ ಹಾಡು ಬರೆದವರಲ್ಲಿ ಒಬ್ಬರಾದ ಜಯಂತ ಕಾಯ್ಕಿಣಿಯವರೂ ಗೋಕರ್ಣದಿಂದ ಬಂದು ವರ್ಷಗಟ್ಟಲೆ ಇದೇ ಮುಂಬಯಿಯಲ್ಲಿ ಔಷಧ ಕಂಪನಿಯ ಕೆಲಸ ಮಾಡಿದವರು ಎಂಬುದನ್ನು ಮಾತ್ರ ಹೇಳಿಬಿಡುತ್ತೇನೆ. ನಿಮ್ಮ ಆ 'ಹಳೇ ಹಾಡಿ'ನ ಮೇಲೆ ನಮಗೂ ಹಕ್ಕಿದೆ.

ಹೋದ ವರ್ಷ ನಮ್ಮ ಮಗ ಅಟ್ಟದಿಂದ ಹಳೆಯ ಪ್ಲೇಯರ್ ಇಳಿಸಿ, ಅದಕ್ಕೆ ಹೊಸ ಬೆಲ್ಟ್ ಹಾಕಿಸಿ, ಒಂದು ವೈರಿನಿಂದ ಕಂಪ್ಯೂಟರಿಗೆ ಜೋಡಿಸಿದ. ಕ್ಯಾಸೆಟ್ಟಿಗೆ ಒಂದೆರಡು ಕಡೆ ಬೂಷ್ಟು ಹಿಡಿದಿತ್ತು. ಒರೆಸಿ, ಎರಡು ಸಲ ಹಿಂದೆ ಮುಂದೆ ಸುತ್ತಿ ಹಾಕಿದೆವು. ಅಜ್ಜಿಯ ಭಾಗ ಪೂರ್ತಿ ಬಂತು. ಊರಿನಲ್ಲಿರುವ ಮಾವನಿಗೆ ಫೋನಿನಲ್ಲಿ ಕಳಿಸಿದೆವು. ಅವರಿಗೀಗ ಎಂಬತ್ತು ದಾಟಿದೆ, ಕಿವಿ ಮಂದ. ಮಾರನೆಯ ದಿನ ಅವರ ಸೊಸೆ ಫೋನ್ ಮಾಡಿ, "ನಿನ್ನೆ ಸಂಜೆಯಿಂದ ಎಷ್ಟು ಸಲ ಹಾಕಿಸಿಕೊಂಡರೋ ಲೆಕ್ಕವಿಲ್ಲ, ಫೋನು ಬಿಸಿಯಾಗಿದೆ" ಎಂದಳು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಡಬ್ಬಿಗಳಿರಬಹುದು. ಅಮ್ಮನನ್ನು ಕೇಳಿ. ಮುಂದಿನ ತಿಂಗಳಿನಿಂದ ಪ್ರತಿ ಎರಡನೆಯ ಭಾನುವಾರ ಬೆಳಿಗ್ಗೆ ಸಂಘದ ವಾಚನಾಲಯದಲ್ಲಿ ಆ ಪ್ಲೇಯರನ್ನು ಇಟ್ಟುಕೊಂಡು ಕೂರಲು ನಮ್ಮ ಮಗ ಒಪ್ಪಿದ್ದಾನೆ. ಕ್ಯಾಸೆಟ್ ತನ್ನಿ, ಪೆನ್ ಡ್ರೈವ್ ನೀವೇ ತನ್ನಿ. ಹೆಸರು ಬರೆಯದವನ್ನು ಮೊದಲು ತನ್ನಿ. ಹಿಂಬದಿಯಲ್ಲಿ ತೂತಿರುವುದು ಸಿಕ್ಕರೆ ಬೇರೆ ಚೀಲದಲ್ಲಿ ಹಾಕಿಕೊಂಡು ಬನ್ನಿ, ಅವನ್ನು ನಾನೇ ನೋಡುತ್ತೇನೆ.