ಕಾಗದವಿಲ್ಲದ ಪ್ರಿಂಟರ್

ಕಿರುಪರೀಕ್ಷೆಯ ಪ್ರವೇಶಪತ್ರ ಮುದ್ರಿಸಲು ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ ಎಂದು ಕಂಪ್ಯೂಟರ್ ಸರ್ ನಮ್ಮ ನಾಲ್ವರಿಗೆ ಹೇಳಿದ್ದರು. ಏನಾದರೂ ತಿದ್ದಿದಾಗಲೆಲ್ಲ ಆಫೀಸಿನ ಪ್ರಿಂಟರಿಗೆ ಕಳುಹಿಸಿ ನೋಡುತ್ತಿದ್ದೆವು. ಮೂರನೇ ದಿನ ಆಫೀಸಿನ ಮೇಡಂ ಒಂದು ಕಟ್ಟು ಹಾಳು ಕಾಗದ ತಂದು ಲ್ಯಾಬಿನ ಮೇಜಿನ ಮೇಲಿಟ್ಟು ಹೋದರು. ಅವರು ಏನೂ ಅನ್ನಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಆಗ ಸರ್ ಒಂದು ಉಪಾಯ ತೋರಿಸಿದರು. ಕಂಪ್ಯೂಟರಿನ ಪಾಲಿಗೆ ನೆಟ್‌ವರ್ಕ್ ಪ್ರಿಂಟರ್ ಎಂದರೆ ಒಂದು ಐಪಿ ವಿಳಾಸ, ಒಂದು ಪೋರ್ಟ್ ಸಂಖ್ಯೆ. ಬಹಳಷ್ಟು ಪ್ರಿಂಟರ್‌ಗಳು 9100ನೇ ಪೋರ್ಟಿನಲ್ಲಿ ಕಾಯುತ್ತಿರುತ್ತವೆ. ಅಲ್ಲಿ ಪ್ರಿಂಟರಿನ ಬದಲು ಬೇರೊಂದು ಪ್ರೋಗ್ರಾಂ ಕುಳಿತಿದ್ದರೂ ಕಳುಹಿಸುವವನಿಗೆ ಗೊತ್ತಾಗುವುದಿಲ್ಲ.

ಪಕ್ಕದ ಉಬುಂಟು ಕಂಪ್ಯೂಟರಿನಲ್ಲಿ ನೆಟ್‌ಕ್ಯಾಟ್ ಎಂಬ ಪುಟ್ಟ ಪ್ರೋಗ್ರಾಮನ್ನು 9100ರಲ್ಲಿ ಕಾಯಲು ಬಿಟ್ಟು, ಬಂದದ್ದನ್ನೆಲ್ಲ ಫೈಲಿಗೆ ಬರೆಸಿದೆವು. ನಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿ ಹೊಸ ಪ್ರಿಂಟರ್ ಸೇರಿಸಿ, ಉಬುಂಟುವಿನ ಐಪಿ ವಿಳಾಸ ಕೊಟ್ಟೆವು. ಪ್ರಿಂಟರನ್ನು ತಾನೇ ಗುರುತಿಸಲಿ ಎಂಬ ಟಿಕ್ ತೆಗೆಯಬೇಕು. ಇಲ್ಲದಿದ್ದರೆ ವಿಂಡೋಸ್ ಇಲ್ಲದ ಪ್ರಿಂಟರನ್ನು ಹುಡುಕುತ್ತಾ ಕೂರುತ್ತದೆ. ಡ್ರೈವರ್ ಪೋಸ್ಟ್‌ಸ್ಕ್ರಿಪ್ಟಿನದಾದರೆ ಒಳ್ಳೆಯದು, ಸಿಕ್ಕ ಫೈಲನ್ನು ಘೋಸ್ಟ್‌ಸ್ಕ್ರಿಪ್ಟ್ ಪಿಡಿಎಫ್ ಮಾಡಿಕೊಡುತ್ತದೆ. ಕನ್ನಡ ಹೆಸರುಗಳ ಒತ್ತಕ್ಷರ ಬೇರ್ಪಟ್ಟದ್ದು, ಫೋಟೋ ಅಂಚಿನಾಚೆ ಹೋದದ್ದು ಎಲ್ಲವೂ ಪರದೆಯ ಮೇಲೇ ಕಂಡಿತು. ಒಂದು ಹಾಳೆಯೂ ಖರ್ಚಾಗಲಿಲ್ಲ.

ಆದರೆ ನಿಜವಾದ ತಪ್ಪು ಸಿಕ್ಕಿದ್ದು ಆಕಸ್ಮಿಕವಾಗಿ. ಮೊದಲ ಪ್ರವೇಶಪತ್ರ ಬಂದೊಡನೆ ನೆಟ್‌ಕ್ಯಾಟ್ ತನ್ನ ಕೆಲಸ ಮುಗಿಯಿತೆಂದು ನಿಂತುಬಿಟ್ಟಿತ್ತು. ಉಳಿದವು ವಿಂಡೋಸಿನ ಸರದಿಯಲ್ಲಿ ಸಿಕ್ಕಿಕೊಂಡಿದ್ದವು. ನಮ್ಮ ಪ್ರೋಗ್ರಾಂ ಮಾತ್ರ ಎಲ್ಲರ ಹೆಸರಿನ ಮುಂದೆಯೂ 'ಮುದ್ರಿತವಾಗಿದೆ' ಎಂದು ಬರೆದಿತ್ತು! ಸರದಿಗೆ ಒಪ್ಪಿಸಿದ್ದನ್ನೇ ಮುದ್ರಣವೆಂದು ನಾವು ಲೆಕ್ಕ ಹಾಕಿದ್ದೆವು. ಪರೀಕ್ಷೆಯ ಬೆಳಿಗ್ಗೆ ಹೀಗಾಗಿದ್ದರೆ ಯಾರಿಗೆ ಪ್ರವೇಶಪತ್ರ ಸಿಕ್ಕಿಲ್ಲ ಎಂಬುದು ಬಾಗಿಲಲ್ಲೇ ತಿಳಿಯುತ್ತಿತ್ತು.

ಆಮೇಲೆ ನೆಟ್‌ಕ್ಯಾಟನ್ನು ಬೇಕೆಂದೇ ನಡುವೆ ನಿಲ್ಲಿಸಿ ಪರೀಕ್ಷಿಸತೊಡಗಿದೆವು. ಆಫೀಸಿನ ಪ್ರಿಂಟರನ್ನು ಹೀಗೆ ಆರಿಸುತ್ತಾ ಕೂರಲು ಮೇಡಂ ಬಿಡುತ್ತಿರಲಿಲ್ಲ. ಕಾಗದ ಮುಗಿದಿದೆ ಎಂಬಂಥ ಸುದ್ದಿಯನ್ನು ನೆಟ್‌ಕ್ಯಾಟ್ ಹೇಳಲಾರದು. ಅದಕ್ಕೆ ಐಪಿಪಿ ಎಂಬ ಬೇರೆ ವಿಧಾನವಿದೆ, ಅದರ ಪೋರ್ಟ್ 631. ಅದನ್ನು ನಾವಿನ್ನೂ ಮುಟ್ಟಿಲ್ಲ. ಸದ್ಯಕ್ಕೆ ನಮ್ಮ ಪ್ರೋಗ್ರಾಂ 'ಸರದಿಗೆ ಕಳುಹಿಸಿದೆ' ಎಂದಷ್ಟೇ ಹೇಳುತ್ತದೆ. 'ಮುದ್ರಿತವಾಗಿದೆ' ಎಂಬ ಗುರುತನ್ನು ಹಾಳೆ ಕೈಗೆ ಬಂದ ಮೇಲೆ ಮೇಡಂ ಹಾಕುತ್ತಾರೆ.