ಫ್ಲಾನ್ ಓಬ್ರಯನ್: ಜೀವನ ಮತ್ತು ಕಾದಂಬರಿ ಪ್ರಯೋಗಗಳು

೧

ಇಪ್ಪತ್ತನೆಯ ಶತಮಾನದ ಐರಿಷ್ ಗದ್ಯಸಾಹಿತ್ಯವೆಂದೊಡನೆ ಮೊದಲು ನೆನಪಿಗೆ ಬರುವ ಹೆಸರು ಜೇಮ್ಸ್ ಜಾಯ್ಸ್‌ನದು. ಅವನ ತರುವಾಯ ಸ್ಯಾಮ್ಯುಯಲ್ ಬೆಕೆಟ್‌ನದು. ಇವರಿಬ್ಬರೂ ಸ್ವದೇಶವನ್ನು ತೊರೆದು, ಯೂರೋಪಿನ ಬೇರೆ ನಗರಗಳಲ್ಲಿ ನೆಲಸಿ, ಅಲ್ಲಿಂದ ಬರೆದವರು. ಇವರ ಸಾಲಿನಲ್ಲಿ ನಿಲ್ಲಿಸಬೇಕಾದ ಮೂರನೆಯವನೊಬ್ಬನುಂಟು. ಅವನು ಡಬ್ಲಿನ್ ನಗರವನ್ನು ಬಿಡಲಿಲ್ಲ. ಹಗಲೆಲ್ಲ ಸರ್ಕಾರದ ಕಚೇರಿಯಲ್ಲಿ ಕಡತಗಳನ್ನು ನೋಡಿ, ಉಳಿದ ವೇಳೆಯಲ್ಲಿ ಕಾದಂಬರಿಯ ಕಟ್ಟನ್ನೇ ಕಳಚಿ ಮತ್ತೆ ಜೋಡಿಸುವ ಸಾಹಸದಲ್ಲಿ ತೊಡಗಿದ್ದನು. ಫ್ಲಾನ್ ಓಬ್ರಯನ್ ಎಂಬುದು ಅವನು ಇಟ್ಟುಕೊಂಡ ಹೆಸರುಗಳಲ್ಲಿ ಒಂದು. ನಿಜನಾಮ ಬ್ರಯನ್ ಓನೋಲನ್.

ಈ ಲೇಖಕನನ್ನು ಕೇವಲ ಹಾಸ್ಯಗಾರನೆಂದು ಕರೆದು ಮುಂದೆ ಸಾಗುವ ವಾಡಿಕೆ ಬಹುಕಾಲ ನಡೆದುಬಂದಿತು. ಅವನು ಹಾಸ್ಯಗಾರನೇನೋ ಹೌದು. ಆದರೆ ಅವನ ಮುಖ್ಯ ಕೃತಿಗಳಾದ ಮೂರು ಕಾದಂಬರಿಗಳನ್ನು ಒಟ್ಟಿಗಿಟ್ಟು ಓದಿದರೆ ಅವುಗಳ ಅಡಿಯಲ್ಲಿ ಒಂದೇ ಪ್ರಶ್ನೆ ಹರಿಯುತ್ತಿರುವುದು ಕಾಣುತ್ತದೆ: ಒಬ್ಬನ ಬಾಳನ್ನು ಇನ್ನೊಬ್ಬನು ಬರೆಯಬಹುದೇ? ಬರೆಯುವುದಾದರೆ ಆ ಅಧಿಕಾರವನ್ನು ಅವನಿಗೆ ಕೊಟ್ಟವರಾರು? ರಚನೆಯಲ್ಲಿ ಅವನು ನಡೆಸಿದ ಪ್ರಯೋಗಗಳಿಗೂ ಈ ಪ್ರಶ್ನೆಗೂ ಇರುವ ಸಂಬಂಧವನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಓನೋಲನ್ ಹುಟ್ಟಿದುದು ೧೯೧೧ನೆಯ ಅಕ್ಟೋಬರ್ ೫ರಂದು, ಟಿರೋನ್ ಪ್ರಾಂತದ ಸ್ಟ್ರಬೇನ್ ಎಂಬ ಊರಿನಲ್ಲಿ. ತಂದೆ ಸುಂಕದ ಇಲಾಖೆಯ ಅಧಿಕಾರಿ. ಹನ್ನೆರಡು ಮಕ್ಕಳಲ್ಲಿ ಇವನು ಮೂರನೆಯವನು. ಮನೆಯ ಮಾತು ಐರಿಷ್ ಭಾಷೆ. ಇಂಗ್ಲಿಷು ಓದಿನಿಂದಲೂ ಹೊರಗಿನ ಒಡನಾಟದಿಂದಲೂ ಬಂದುದು. ಇಂಗ್ಲಿಷೇ ಪ್ರಧಾನವಾಗಿದ್ದ ನಾಡಿನಲ್ಲಿ ಇದು ಅಪೂರ್ವವಾದ ಬಾಲ್ಯ. ಎರಡು ಭಾಷೆಗಳನ್ನೂ ಒಳಗಿನಿಂದ ಬಲ್ಲವನು ಎರಡನ್ನೂ ಹೊರಗಿನಿಂದಲೂ ನೋಡಬಲ್ಲನು. ಓನೋಲನ್ನನ ಅಣಕದ ಶಕ್ತಿಗೆ ಇದೇ ಮೂಲ. ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿ, ಐರಿಷ್ ಕಾವ್ಯದಲ್ಲಿ ನಿಸರ್ಗದ ವಿಷಯವಾಗಿ ಪ್ರಬಂಧ ಬರೆದು ಎಂ. ಎ. ಪದವಿ ಪಡೆದನು. ಪ್ರಾಚೀನ ಸಾಹಿತ್ಯದ ಈ ವ್ಯಾಸಂಗ ಮುಂದೆ ಅವನ ಕಾದಂಬರಿಗೆ ಒದಗಿಬಂದಿತು.

೧೯೩೫ರಲ್ಲಿ ಅವನು ಸರ್ಕಾರಿ ಸೇವೆಗೆ ಸೇರಿದನು. ೧೯೩೭ರಲ್ಲಿ ತಂದೆ ತೀರಿಕೊಂಡುದರಿಂದ ತಾಯಿಯ ಮತ್ತು ತಮ್ಮತಂಗಿಯರ ಭಾರ ಬಹುಮಟ್ಟಿಗೆ ಅವನ ಸಂಬಳದ ಮೇಲೆ ಬಿದ್ದಿತು. ಜಾಯ್ಸ್‌ನಂತೆ ದೇಶಾಂತರ ಹೋಗುವ ಮಾತು ಅಲ್ಲಿಗೆ ಮುಗಿಯಿತು. ೧೯೪೩ರಲ್ಲಿ ಕ್ಯಾವನ್ ಊರಿನ ಅನಾಥಾಲಯಕ್ಕೆ ಬೆಂಕಿ ಬಿದ್ದು ೩೫ ಮಂದಿ ಹೆಣ್ಣುಮಕ್ಕಳೂ ಒಬ್ಬ ವಯಸ್ಕಳೂ ಸತ್ತಾಗ ನೇಮಕವಾದ ವಿಚಾರಣಾ ಸಮಿತಿಗೆ ಇವನೇ ಕಾರ್ಯದರ್ಶಿ. ಅಧಿಕಾರದ ಭಾಷೆ ಹೇಗೆ ಸಿದ್ಧವಾಗುತ್ತದೆಂಬುದನ್ನು ಇಷ್ಟು ಸಮೀಪದಿಂದ ಕಂಡ ಕಾದಂಬರಿಕಾರರು ವಿರಳ.

ಸರ್ಕಾರಿ ನೌಕರನು ತನ್ನ ಹೆಸರಿನಲ್ಲಿ ಬಹಿರಂಗವಾಗಿ ಬರೆಯುವುದು ಸುಲಭವಲ್ಲ. ಕಾದಂಬರಿಗಳಿಗೆ ಫ್ಲಾನ್ ಓಬ್ರಯನ್ ಎಂಬ ಹೆಸರು ಬಂದಿತು. ೧೯೪೦ರ ಅಕ್ಟೋಬರಿನಿಂದ ‘ಐರಿಷ್ ಟೈಮ್ಸ್’ ಪತ್ರಿಕೆಯಲ್ಲಿ ಬರೆಯತೊಡಗಿದ ‘ಕ್ರೂಷ್ಕೀನ್ ಲಾನ್’ ಎಂಬ ಅಂಕಣಕ್ಕೆ ಮೈಲ್ಸ್ ನ ಗೊಪಲೀನ್ ಎಂಬ ಹೆಸರು. ಅಂಕಣದ ಹೆಸರಿಗೆ ‘ತುಂಬಿದ ಪುಟ್ಟ ಹೂಜಿ’ ಎಂದೂ, ಅಂಕಣಕಾರನ ಹೆಸರಿಗೆ ‘ಮರಿಗುದುರೆಗಳ ಮೈಲ್ಸ್’ ಎಂದೂ ಅರ್ಥ. ಮೊದಲು ಹೆಚ್ಚಾಗಿ ಐರಿಷಿನಲ್ಲಿ, ಬಳಿಕ ಹೆಚ್ಚಾಗಿ ಇಂಗ್ಲಿಷಿನಲ್ಲಿ ಬಂದ ಈ ಅಂಕಣ ಅವನು ಸಾಯುವ ವರ್ಷದವರೆಗೂ ನಡೆಯಿತು. ರಾಜಕಾರಣಿಗಳನ್ನು ಅದರಲ್ಲಿ ಗೇಲಿಮಾಡಿದುದೂ ಕುಡಿತದ ಚಟವೂ ಸೇರಿ ೧೯೫೩ರಲ್ಲಿ ಅವನು ಕೆಲಸ ಬಿಡಬೇಕಾಯಿತು.

೩

ಮೊದಲ ಕಾದಂಬರಿ ‘ಅಟ್ ಸ್ವಿಮ್-ಟೂ-ಬರ್ಡ್ಸ್’ ಪ್ರಕಟವಾದುದು ೧೯೩೯ರಲ್ಲಿ. ಈ ವಿಚಿತ್ರ ಶೀರ್ಷಿಕೆ ಷ್ಯಾನನ್ ನದಿಯ ತೀರದ ಒಂದು ಸ್ಥಳನಾಮದ ಪದಶಃ ಅನುವಾದ; ಶಾಪಗ್ರಸ್ತನಾಗಿ ಹುಚ್ಚುಹಿಡಿದು ಪಕ್ಷಿಯಂತೆ ಮರದಿಂದ ಮರಕ್ಕೆ ಅಲೆದ ಸ್ವೀನಿ ರಾಜನ ಮಧ್ಯಯುಗದ ಕಥೆಯಲ್ಲಿ ಬರುವ ಸ್ಥಳವದು.

ಕಾದಂಬರಿಯ ಸಂವಿಧಾನವನ್ನು ಪದರಪದರವಾಗಿ ಬಿಡಿಸಿ ನೋಡಬೇಕು. ಹೊರಗಿನ ಪದರದಲ್ಲಿ ಚಿಕ್ಕಪ್ಪನ ಮನೆಯಲ್ಲಿರುವ, ಹಾಸಿಗೆ ಬಿಟ್ಟೇಳದ ಸೋಮಾರಿ ವಿದ್ಯಾರ್ಥಿಯೊಬ್ಬನು ಕಾದಂಬರಿ ಬರೆಯುತ್ತಿದ್ದಾನೆ. ಒಂದು ಪುಸ್ತಕಕ್ಕೆ ಒಂದೇ ಆರಂಭ ಏಕಿರಬೇಕೆಂದು ಕೇಳಿ ಮೂರು ಆರಂಭಗಳನ್ನು ಕೊಡುತ್ತಾನೆ. ಅವನ ಕಾದಂಬರಿಯೊಳಗೆ ಡರ್ಮಟ್ ಟ್ರೆಲ್ಲಿಸ್ ಎಂಬ ಮತ್ತೊಬ್ಬ ಲೇಖಕ. ಇವನೂ ಹಾಸಿಗೆ ಬಿಟ್ಟೇಳದವನೇ. ಪಾಪದ ಫಲವನ್ನು ತೋರಿಸುವ ನೀತಿಬೋಧಕ ಪುಸ್ತಕ ಬರೆಯುವುದು ಇವನ ಸಂಕಲ್ಪ; ತನ್ನ ಪಾತ್ರಗಳೆಲ್ಲ ತನ್ನ ಕಣ್ಣಳತೆಯಲ್ಲಿರಲೆಂದು ಅವರನ್ನು ತಾನಿರುವ ಹೋಟೆಲಿನಲ್ಲಿಯೇ ಇರಿಸಿದ್ದಾನೆ. ಖಳನಾಗಲೆಂದು ಅವನು ಸೃಷ್ಟಿಸಿದ ಫರಿಸ್ಕಿ ಹುಟ್ಟುವಾಗಲೇ ಪ್ರಾಪ್ತವಯಸ್ಕ. ಅವನಿಗೆ ನೆನಪುಂಟು, ಅದಕ್ಕೆ ಆಧಾರವಾದ ಅನುಭವವಿಲ್ಲ. ಆದರೆ ಫರಿಸ್ಕಿಗೆ ಖಳನಾಗುವ ಇಷ್ಟವಿಲ್ಲ. ಮದುವೆಯಾಗಿ ಮರ್ಯಾದೆಯಿಂದ ಬಾಳಬೇಕೆಂಬುದು ಅವನ ಆಸೆ. ಲೇಖಕನು ನಿದ್ರಿಸುವಾಗ ಮಾತ್ರ ತಮಗೆ ಬಿಡುಗಡೆಯೆಂಬುದನ್ನು ಅರಿತ ಪಾತ್ರಗಳು ಅವನಿಗೆ ನಿದ್ದೆಯ ಮದ್ದನ್ನು ಕುಡಿಸುತ್ತವೆ. ಕೊನೆಗೆ ಟ್ರೆಲ್ಲಿಸ್ ತಾನೇ ಸೃಷ್ಟಿಸಿ, ತಾನೇ ಕೆಡಿಸಿದ ಹೆಣ್ಣಿನಲ್ಲಿ ಹುಟ್ಟಿದ ಮಗನ ಕೈಯಲ್ಲಿ ಲೇಖನಿ ಕೊಟ್ಟು, ತಂದೆಯನ್ನು ಹಿಂಸಿಸುವ ಮತ್ತು ನ್ಯಾಯಾಸ್ಥಾನಕ್ಕೆಳೆಯುವ ಕಥೆ ಬರೆಯಿಸುತ್ತವೆ. ಆ ನ್ಯಾಯಾಸ್ಥಾನದಲ್ಲಿ ಆಪಾದಿತನ ಪಾತ್ರಗಳೇ ನ್ಯಾಯಾಧೀಶರು, ಅವರೇ ಸಾಕ್ಷಿಗಳು. ಅಷ್ಟರಲ್ಲಿ ಕೆಲಸದ ಹೆಂಗಸು ಬೆಂಕಿ ಹೊತ್ತಿಸಲು ಟ್ರೆಲ್ಲಿಸನ ಹಾಳೆಗಳನ್ನು ಒಲೆಗೆ ಹಾಕುತ್ತಾಳೆ. ಆ ಹಾಳೆಗಳಲ್ಲಿಯೇ ಜೀವ ತಳೆದಿದ್ದ ಪಾತ್ರಗಳು ಇಲ್ಲವಾಗುತ್ತವೆ, ಲೇಖಕನು ಬದುಕಿಕೊಳ್ಳುತ್ತಾನೆ.

ಕಥೆಯೊಳಗೆ ಕಥೆ ನಮಗೆ ಹೊಸದಲ್ಲ. ಪಂಚತಂತ್ರ, ಕಥಾಸರಿತ್ಸಾಗರಗಳನ್ನು ಓದಿದವರಿಗೆ ಈ ಕ್ರಮ ಚೆನ್ನಾಗಿ ಪರಿಚಿತ. ಆದರೆ ಅಲ್ಲಿ ಒಳಗಿನ ಕಥೆ ಹೊರಗಿನ ಕಥೆಗೆ ಅಧೀನ. ದೃಷ್ಟಾಂತವಾಗಿ ನಿಂತು ತನ್ನ ಕೆಲಸ ಮುಗಿಸಿ ಸರಿಯುತ್ತದೆ. ಓಬ್ರಯನ್ನನಲ್ಲಿ ಒಳಗಿನದು ಹೊರಗಿನದರ ಮೇಲೆ ತಿರುಗಿಬೀಳುತ್ತದೆ. ಕಾದಂಬರಿಯ ಪಾತ್ರಗಳಿಗೂ ಖಾಸಗಿ ಬಾಳು, ಸ್ವನಿರ್ಣಯದ ಹಕ್ಕು, ಮರ್ಯಾದೆಯ ಜೀವನ ಇರತಕ್ಕದ್ದೆಂದು ವಿದ್ಯಾರ್ಥಿ ವಾದಿಸುತ್ತಾನೆ. ಈ ವಾದ ಹಾಸ್ಯದ ಧಾಟಿಯಲ್ಲಿದೆಯೆಂಬುದು ನಿಜ. ಆದರೆ ಸ್ವನಿರ್ಣಯವೆಂಬುದು ಆ ತಲೆಮಾರಿನ ಐರ್ಲೆಂಡಿನಲ್ಲಿ ರಕ್ತ ಸುರಿಸಿ ಪಡೆದ ಪದ; ಅದೇ ದೇಶದಲ್ಲಿ ೧೯೨೯ರ ಕಾನೂನಿನ ಬಲದಿಂದ ಪುಸ್ತಕಗಳ ನಿಷೇಧವೂ ನಡೆದಿದ್ದಿತು. ಜನರ ನೀತಿಯನ್ನು ಕಾಯುವ ನೆವದಲ್ಲಿ ಅವರನ್ನು ಒಂದೇ ಸೂರಿನಡಿ ಕೂಡಿಹಾಕಿದ ಟ್ರೆಲ್ಲಿಸನನ್ನು ಅಂದಿನ ಓದುಗನು ಗುರುತಿಸದಿರುವುದು ಸಾಧ್ಯವಿರಲಿಲ್ಲ.

ಹಸ್ತಪ್ರತಿಯನ್ನು ಪ್ರಕಾಶಕರಿಗೆ ಶಿಫಾರಸು ಮಾಡಿದವನು ಗ್ರಹಾಂ ಗ್ರೀನ್. ಕಣ್ಣು ಮಂದವಾಗಿದ್ದ ಜಾಯ್ಸ್ ಅದನ್ನು ಓದಿ ಮೆಚ್ಚಿದನು. ಅರ್ಜೆಂಟೈನಾದ ಬೋರ್ಹೆಸ್ ಅದೇ ವರ್ಷ ಅದರ ವಿಷಯ ಬರೆದನು. ಆದರೂ ಮಾರಾಟವಾದುದು ಕೇವಲ ೨೪೪ ಪ್ರತಿಗಳು. ೧೯೪೦ರಲ್ಲಿ ಲಂಡನ್ನಿನ ಮೇಲೆ ಬಿದ್ದ ಜರ್ಮನ್ ಬಾಂಬುಗಳಿಗೆ ಪ್ರಕಾಶಕರ ಕಟ್ಟಡದೊಡನೆ ಉಳಿದ ಪ್ರತಿಗಳೂ ಆಹುತಿಯಾದವು.

೪

ಎರಡನೆಯ ಕಾದಂಬರಿ ‘ದಿ ಥರ್ಡ್ ಪೊಲೀಸ್‌ಮನ್’ ೧೯೪೦ರ ವೇಳೆಗೆ ಸಿದ್ಧವಾಗಿದ್ದಿತು. ಇದರ ನಿರೂಪಕನು ಹೆಸರಿಲ್ಲದ, ಮರದ ಕಾಲಿನ ಒಬ್ಬ ವಿದ್ವಾಂಸ. ಡಿ ಸೆಲ್ಬಿ ಎಂಬ ಕಲ್ಪಿತ ತತ್ತ್ವಜ್ಞಾನಿಯ ಮೇಲೆ ತಾನು ರಚಿಸಿದ ಗ್ರಂಥವನ್ನು ಅಚ್ಚುಹಾಕಿಸಲು ಹಣ ಬೇಕೆಂದು ಅವನು ಡಿವ್ನಿಯೊಡನೆ ಸೇರಿ ಒಬ್ಬ ಮುದುಕನನ್ನು ಕೊಲ್ಲುತ್ತಾನೆ. ಆ ಮುದುಕನ ಹಣದ ಪೆಟ್ಟಿಗೆಯನ್ನು ಹುಡುಕುತ್ತ ಅವನು ಒಂದು ವಿಚಿತ್ರ ಪೊಲೀಸ್ ಠಾಣೆಯನ್ನು ಸೇರುತ್ತಾನೆ. ಸೈಕಲ್ಲಿನ ಮೇಲೆ ಬಹಳ ಓಡಾಡಿದವರ ಪರಮಾಣುಗಳೂ ಸೈಕಲ್ಲಿನ ಪರಮಾಣುಗಳೂ ಅದಲುಬದಲಾಗಿ ಮನುಷ್ಯರು ಕ್ರಮೇಣ ಸೈಕಲ್ಲುಗಳಾಗುತ್ತಾರೆಂಬುದು ಅಲ್ಲಿನ ಸಾರ್ಜೆಂಟನ ಸಿದ್ಧಾಂತ. ಇನ್ನೊಬ್ಬ ಪೊಲೀಸನು ಪೆಟ್ಟಿಗೆಯೊಳಗೆ ಪೆಟ್ಟಿಗೆಯನ್ನು ಮಾಡುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟಿಗೆಯವರೆಗೆ ಹೋಗಿದ್ದಾನೆ.

ಪುಟದ ಕೆಳಭಾಗದಲ್ಲಿ ಡಿ ಸೆಲ್ಬಿಯ ವ್ಯಾಖ್ಯಾನಕಾರರ ಜಗಳಗಳು ಅಡಿಟಿಪ್ಪಣಿಗಳಾಗಿ ಬೆಳೆಯುತ್ತ ಕೆಲವೆಡೆ ಕಥೆಯನ್ನೇ ಮೇಲಕ್ಕೆ ಒತ್ತರಿಸುತ್ತವೆ. ರಾತ್ರಿಯೆಂಬುದು ಕಪ್ಪು ಗಾಳಿಯ ಶೇಖರಣೆಯೆಂದು ನಂಬಿದ್ದ ತತ್ತ್ವಜ್ಞಾನಿಗಾಗಿ ಇಷ್ಟು ವಿದ್ವತ್ತು! ವ್ಯಾಸಂಗವೇ ವೃತ್ತಿಯಾದ ನಮ್ಮಂಥವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಂದು ಕೊಲೆಯ ಕಥೆ ಮೇಲೆ ಸಾಗುತ್ತಿರಲು ಓದುಗನ ಗಮನವನ್ನು ಕೆಳಗಿನ ಪಾಂಡಿತ್ಯ ಸೆಳೆದುಕೊಳ್ಳುತ್ತದೆ. ನಿರೂಪಕನ ಅಪರಾಧದ ಸ್ವರೂಪವೂ ಅದೇ. ರಚನೆಯ ತಂತ್ರ ನೀತಿಯ ವಿಮರ್ಶೆಯಾಗುವುದು ಹೀಗೆ.

ಕೊನೆಯಲ್ಲಿ ಮನೆಗೆ ಮರಳಿದ ನಿರೂಪಕನನ್ನು ಕಂಡು ಡಿವ್ನಿ ಕಿರಿಚುತ್ತಾನೆ: ಹಣದ ಪೆಟ್ಟಿಗೆಯಿದೆಯೆಂದು ಹೇಳಿದ ಜಾಗದಲ್ಲಿ ತಾನು ಸಿಡಿಮದ್ದನ್ನಿಟ್ಟಿದ್ದೆ, ನೀನು ಸತ್ತು ಹದಿನಾರು ವರ್ಷಗಳಾದವು ಎಂದು. ಆದರೆ ನಿರೂಪಕನಿಗೆ ಇದು ನೆನಪಿನಲ್ಲಿ ನಿಲ್ಲುವುದಿಲ್ಲ. ಅವನು ಮತ್ತೆ ಅದೇ ದಾರಿಯಲ್ಲಿ ಅದೇ ಠಾಣೆಗೆ ನಡೆಯುತ್ತಾನೆ, ಮೊದಲು ಬಂದ ವಾಕ್ಯಗಳೇ ಮರಳಿ ಬರುತ್ತವೆ. ನೆನಪಿಲ್ಲದವನಿಗೆ ಪಶ್ಚಾತ್ತಾಪವಿಲ್ಲ, ಪಶ್ಚಾತ್ತಾಪವಿಲ್ಲದವನಿಗೆ ನರಕದ ದಾರಿ ಎಂದೂ ಮುಗಿಯದು.

ಹಿಂದಿನ ಪ್ರಕಾಶಕರೇ ಈ ಹಸ್ತಪ್ರತಿಯನ್ನು ನಿರಾಕರಿಸಿದರು. ಅಪಮಾನವನ್ನು ನುಂಗಿಕೊಂಡ ಲೇಖಕನು ಅದು ಕಳೆದುಹೋಯಿತೆಂದು ಗೆಳೆಯರಿಗೆ ಹೇಳಿ, ಮನೆಯಲ್ಲಿಯೇ ಇಟ್ಟುಕೊಂಡನು. ಅದು ಅಚ್ಚಾದುದು ೧೯೬೭ರಲ್ಲಿ, ಅವನು ತೀರಿಕೊಂಡ ಮರುವರ್ಷ.

೫

ಐರಿಷ್ ಭಾಷೆಯಲ್ಲಿ ಅವನು ಬರೆದ ಏಕೈಕ ಕಾದಂಬರಿ ೧೯೪೧ರ ‘ಅನ್ ಬೇಲ್ ಬೊಖ್ತ್’. ‘ಬಡಬಾಯಿ’ ಎಂದು ಅದನ್ನು ಕನ್ನಡಿಸಬಹುದು. ಪಶ್ಚಿಮ ತೀರದ ಬಡ ರೈತರ, ಬೆಸ್ತರ ಆತ್ಮಕಥೆಗಳನ್ನು ರಾಷ್ಟ್ರದ ನಿಧಿಯೆಂದು ಕೊಂಡಾಡುತ್ತಿದ್ದ ಕಾಲವದು. ಅವುಗಳಲ್ಲಿ ಶ್ರೇಷ್ಠವಾದ ಓ ಕ್ರಿಹನ್ನನ ಆತ್ಮಕಥೆಯನ್ನು ಓನೋಲನ್ ಮನಸಾರೆ ಗೌರವಿಸಿದ್ದನು. ಅವನ ಅಣಕ ಬಡವರನ್ನು ಕುರಿತದ್ದಲ್ಲ, ಅವರ ಬಡತನವನ್ನು ಭಾಷೆಯ ಅಲಂಕಾರವಾಗಿ ಕಂಡ ನಗರದ ಅಭಿಮಾನಿಗಳನ್ನು ಕುರಿತದ್ದು. ಇಂಗ್ಲಿಷ್ ಬಲ್ಲ ಮಕ್ಕಳಿಗಾಗಿ ಬರುವ ಸರ್ಕಾರದ ಹಣಕ್ಕೆಂದು ಹಂದಿಮರಿಗಳಿಗೆ ಬಟ್ಟೆ ತೊಡಿಸಿ ಕೂಡಿಸಲಾಗುತ್ತದೆ. ಜಾನಪದ ಸಂಗ್ರಾಹಕನೊಬ್ಬನು ಹಂದಿಯ ಗುರುಗುಟ್ಟುವಿಕೆಯನ್ನು ಧ್ವನಿಮುದ್ರಿಸಿಕೊಂಡು ಅದು ಶ್ರೇಷ್ಠ ಗೇಲಿಕ್ ಎಂದು ಒಯ್ಯುತ್ತಾನೆ. ಭಾಷೋತ್ಸವದಲ್ಲಿ ಭಾಷಣ ಸಾಗುತ್ತಿರುವಾಗ ಹಸಿದ ಜನ ಕುಸಿದುಬೀಳುತ್ತಾರೆ. ಶಾಲೆಯ ಮೊದಲ ದಿನ ಉಪಾಧ್ಯಾಯನು ಪ್ರತಿಯೊಬ್ಬ ಹುಡುಗನನ್ನೂ ಹೊಡೆದು, ನಿನ್ನ ಹೆಸರು ಜಾಮ್ಸ್ ಒಡನೆಲ್ ಎಂದು ಹೇಳುತ್ತಾನೆ. ಎಲ್ಲರಿಗೂ ಅದೊಂದೇ ಹೆಸರು. ‘ದಿ ಥರ್ಡ್ ಪೊಲೀಸ್‌ಮನ್’ದಲ್ಲಿ ಹೆಸರಿಲ್ಲದವನು, ಇಲ್ಲಿ ಒಂದೇ ಹೆಸರಿನಲ್ಲಿ ಅಳಿಸಿಹೋದ ಒಂದು ಊರು. ಹೆಸರಿಡುವವರೂ ಬರೆಯುವವರೂ ಯಾವಾಗಲೂ ಬೇರೆಯವರು. ಈ ಕೃತಿಗೆ ಇಂಗ್ಲಿಷ್ ಅನುವಾದ ಬಂದುದು ೧೯೭೩ರಲ್ಲಿ.

೬

೧೯೬೦ರಲ್ಲಿ ಮೊದಲ ಕಾದಂಬರಿ ಮರುಮುದ್ರಣವಾಗಿ ಮೆಚ್ಚುಗೆ ಪಡೆದ ಮೇಲೆ ಅವನು ‘ದಿ ಹಾರ್ಡ್ ಲೈಫ್’ (೧೯೬೧), ‘ದಿ ಡಾಲ್ಕಿ ಆರ್ಕೈವ್’ (೧೯೬೪) ಎಂಬ ಎರಡು ಕಾದಂಬರಿಗಳನ್ನು ಬರೆದನು. ಎರಡನೆಯದರಲ್ಲಿ ಅಚ್ಚಾಗದ ಹಸ್ತಪ್ರತಿಯ ಡಿ ಸೆಲ್ಬಿಯೂ ಸೈಕಲ್ಲಿನ ಸಿದ್ಧಾಂತವೂ ಮರಳಿ ಬಂದಿವೆ, ಹಿಂದಿನ ಕಸುವು ಬಂದಿಲ್ಲ. ೧೯೬೬ನೆಯ ಏಪ್ರಿಲ್ ೧ರಂದು ಅವನು ಡಬ್ಲಿನ್ನಿನಲ್ಲಿ ನಿಧನನಾದನು.

ಅವನ ಕೊರತೆಗಳನ್ನು ಮರೆಮಾಚಬೇಕಾಗಿಲ್ಲ. ಅವನ ಸ್ತ್ರೀಪಾತ್ರಗಳು ನೆರಳಿನಂತಿವೆ. ಪಾತ್ರಗಳ ಸ್ವಾತಂತ್ರ್ಯವನ್ನು ಸಾರುವ ಕಾದಂಬರಿಯಲ್ಲಿಯೇ ಕೆಟ್ಟುಹೋದ ಹೆಣ್ಣಿಗೆ ಮಾತಿಲ್ಲ. ಅವಳ ಪರವಾಗಿ ಲೇಖನಿ ಹಿಡಿಯುವವನು ಮಗ. ಅಂಕಣ ಬರೆದು ಅವನು ಪ್ರತಿಭೆಯನ್ನು ಪೋಲುಮಾಡಿದನೆಂಬ ಆಕ್ಷೇಪಣೆಯೂ ಉಂಟು. ಆದರೆ ಎರಡನೆಯ ಕೃತಿಯನ್ನು ೧೯೪೦ರಲ್ಲಿಯೇ ಅಚ್ಚುಹಾಕಿದ್ದರೆ ಮೂರನೆಯ, ನಾಲ್ಕನೆಯ ಪ್ರಯೋಗಗಳು ಹೇಗಿರುತ್ತಿದ್ದುವೆಂಬುದನ್ನು ಕೇಳದೆ ಆ ಆಕ್ಷೇಪಣೆಯನ್ನು ಒಪ್ಪುವುದು ನ್ಯಾಯವಲ್ಲ. ಪತ್ರಿಕೆ ವಾರವಾರವೂ ಅವನನ್ನು ಕೇಳಿತು, ಪ್ರಕಾಶಕರು ಕೇಳಲಿಲ್ಲ.

ಜಾಯ್ಸ್‌ನ ‘ಯುಲಿಸಿಸ್’ ಓದಿದ ವಿದ್ಯಾರ್ಥಿ ಮೊದಲು ‘ಅಟ್ ಸ್ವಿಮ್-ಟೂ-ಬರ್ಡ್ಸ್’ ಎತ್ತಿಕೊಳ್ಳುವುದು ಸಹಜ. ಆದರೆ ‘ಅನ್ ಬೇಲ್ ಬೊಖ್ತ್’ ಕೃತಿಯನ್ನು ಅನುವಾದದಲ್ಲಾದರೂ ಅದರ ಜೊತೆಗೆ ಓದುವುದು ಒಳ್ಳೆಯದು. ಹಾಸಿಗೆಯಲ್ಲಿ ಮಲಗಿ ಪಾತ್ರಗಳನ್ನು ಆಳುವ ಟ್ರೆಲ್ಲಿಸನೂ, ಕೋಲು ಹಿಡಿದು ಮಕ್ಕಳಿಗೆ ಹೆಸರಿಡುವ ಉಪಾಧ್ಯಾಯನೂ ಒಂದೇ ಕುಲದವರೆಂಬುದು ಆಗ ತಿಳಿಯುತ್ತದೆ. ಈ ಲೇಖಕನ ಪ್ರಯೋಗಗಳ ಹಿಂದಿದ್ದ ಕೋಪವೂ ಕಾಣುತ್ತದೆ.